ಭಂಗಾರಕ್ಕೂ ಬಂಗಾರಕ್ಕೂ ನಡುವೆ ಒಂದು ಸ್ಕ್ರೂಡ್ರೈವರ್

ನಮ್ಮ ಬೀದರ್ ಸೀಮೆಯಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಎನ್ನುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಭಂಗಾರಕ್ಕೂ ಬಂಗಾರಕ್ಕೂ ಇರುವುದು ಒಂದು ಮಹಾಪ್ರಾಣದ ಅಂತರ ಎಂದು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೆ. ಆ ಮಾತು ನನಗೇ ಮನಸ್ಸಿಗಿಳಿದದ್ದು ಕಳೆದ ದೀಪಾವಳಿಯ ನಂತರ, ನಾರಾಯಣಪುರದ ನಮ್ಮ ಮನೆಯ ಹಿತ್ತಲಿನಲ್ಲಿ, 1996ರ ವಾಷಿಂಗ್ ಮಷೀನನ್ನು ಗೋಣಿಚೀಲದ ಮೇಲೆ ಮಲಗಿಸಿ ಬಿಚ್ಚಿದಾಗ.

ಅದು ಎರಡು ಡಬ್ಬಿಯ ಮಷೀನು. ಎಡಗಡೆಯದು ಒಗೆಯುತ್ತದೆ, ಬಲಗಡೆಯದು ಗಿರ್ರನೆ ತಿರುಗಿ ನೀರು ಹಿಂಡುತ್ತದೆ. ಬಲಗಡೆಯದಕ್ಕೆ ನಾವೆಲ್ಲ ಡ್ರೈಯರ್ ಎನ್ನುತ್ತೇವೆ. ಹುಮನಾಬಾದಿನಿಂದ ಕಂತಿನ ಮೇಲೆ ತಂದು ಟೆಂಪೊದಿಂದ ಇಳಿಸಿದ ದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು. ಅತ್ತೆ ಮಾತ್ರ ಬಾಗಿಲಲ್ಲೇ ನಿಂತು, “ಅರಿವಿ ಹರಿತದ ನೋಡವ್ವಾ” ಎಂದರು. ಬಾವಿಯಿಂದ ನೀರು ಸೇದಿ, ಎಂಟು ಜನರ ಬಟ್ಟೆ ಕಲ್ಲಿಗೆ ಬಡಿದು ಸೊಂಟ ಹಿಡಿದುಕೊಂಡಿದ್ದ ಜೀವ ಅದು. ಎರಡೇ ತಿಂಗಳಿಗೆ ಆ ಮಷೀನಿಗೆ ಅವರೇ ಒಡತಿಯಾದರು. ನನಗೆ ಬೆಳಿಗ್ಗೆ ಒಂದು ತಾಸು ಉಳಿಯಿತು. ಆ ತಾಸಿನಲ್ಲಿ ನಾನು ಓದಿದೆ, ಮಕ್ಕಳ ಉತ್ತರಪತ್ರಿಕೆ ತಿದ್ದಿದೆ. ಹೆಣ್ಣುಮಕ್ಕಳ ಬಾಳಿನಲ್ಲಿ ಒಂದು ತಾಸೆಂದರೆ ಎಷ್ಟು ದೊಡ್ಡದು ಎಂಬುದು ಕಲ್ಲಿಗೆ ಬಟ್ಟೆ ಬಡಿದವರಿಗೆ ಗೊತ್ತು.

ಕಳೆದ ವರ್ಷ ಅದು ನಿಂತಿತು. ಒಗೆಯುವ ಕಡೆ ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಡ್ರೈಯರ್ ಸದ್ದೇ ಮಾಡುತ್ತಿರಲಿಲ್ಲ. ತಳದಿಂದ ನೀರು ಸೋರುತ್ತಿತ್ತು. ನೋಡಲು ಬಂದ ಹುಡುಗ ಮುಚ್ಚಳ ಎತ್ತಿ ಇಳಿಸಿ, “ಈ ಮಾಡೆಲ್ ಬಂದಾಗಿ ಬಹಳ ವರ್ಷ ಆಯ್ತು ಮೇಡಂ, ಪಾರ್ಟ್ ಸಿಗಂಗಿಲ್ಲ, ಭಂಗಾರಕ್ಕ ಹಾಕ್ರಿ” ಎಂದ. ಹಳೆಯದಕ್ಕೆ 700 ರೂಪಾಯಿ ಹಿಡಿದುಕೊಂಡು ಹೊಸದು ಕೊಡುವ ಅಂಗಡಿಯೊಂದರ ಹೆಸರನ್ನೂ ಹೇಳಿದ. ಹೊಸದಕ್ಕೆ 11 ಸಾವಿರ. ಪುಣೆಯಿಂದ ಮಗ ಫೋನಿನಲ್ಲಿ, “ಅವ್ವಾ, ಹೊಸದು ಕಳಸ್ತೀನಿ ಬಿಡು” ಎಂದ. ಹಣ ಹೊಂದಿಸಬಹುದಿತ್ತು. ಆದರೆ ಹಿಂದಿನ ತಗಡನ್ನು ಬಿಚ್ಚಿ ಸಹ ನೋಡದೆ ಸತ್ತಿದೆ ಎಂದುಬಿಟ್ಟನಲ್ಲ, ಅದನ್ನು ನನಗೆ ಒಪ್ಪಲಾಗಲಿಲ್ಲ.

ಬಸವಕಲ್ಯಾಣದಲ್ಲಿ ಮೋಟಾರು ವೈಂಡಿಂಗ್ ಮಾಡುವ ಚಾಚಾ ಒಬ್ಬರಿದ್ದಾರೆ. ನಮ್ಮ ಹೊಲದ ಪಂಪಿನ ಮೋಟಾರನ್ನು ಮೂರು ಸಲ ಬದುಕಿಸಿದವರು. ವಿಷಯ ಹೇಳಿದೆ. “ಗುಂಯ್ ಅಂತದಂದ್ರ ಜೀವ ಅದ, ಟೀಚರಮ್ಮ. ಪ್ಲಗ್ ತೆಗೆದಿಡ್ರಿ. ಪ್ಲಗ್ ತೆಗೆದ್ರೂ ಕಂಡೆನ್ಸರ್‌ದಾಗ ಕರೆಂಟ್ ಉಳಿದಿರ್ತದ, ಕೈ ಹಚ್ಚಬ್ಯಾಡ್ರಿ. ಐತವಾರ ನಾನೇ ಬರ್ತೀನಿ” ಎಂದರು.

ಭಾನುವಾರ ಬಂದರು. ಪಕ್ಕದ ಮನೆಯ ಪಿಯುಸಿ ಹುಡುಗಿ ಬ್ಯಾಟರಿ ಹಿಡಿದಳು. ತುಕ್ಕು ಹಿಡಿದ ಸ್ಕ್ರೂಗಳಿಗೆ ಸೀಮೆಎಣ್ಣೆ ಬಿಟ್ಟು ಅರ್ಧ ತಾಸು ಕಾದೆವು. ಹಿಂದಿನ ತಗಡು ತೆಗೆದಾಗ ಕಂಡದ್ದು ಎರಡು ಮೋಟಾರು, ಒಂದು ಬೆಲ್ಟು, ಬಣ್ಣ ಮಾಸಿದ ಹನ್ನೊಂದು ತಂತಿ. ನಾನು ಕೌದಿ ಹೊಲಿಯುವ ಡಬ್ಬಿಯಿಂದ ಬಣ್ಣಬಣ್ಣದ ದಾರ ತಂದು ಒಂದೊಂದು ತಂತಿಗೂ ಒಂದೊಂದು ಕಟ್ಟಿದೆ. ಯಾವ ದಾರದ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಶಾಲೆಯ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡೆ.

ಚಾಚಾ ಬಲ್ಬಿನ ಎರಡು ತಂತಿಗಳನ್ನು ಹಚ್ಚಿ ಕಂಡೆನ್ಸರಿನಲ್ಲಿ ಉಳಿದಿದ್ದ ಕರೆಂಟು ಇಳಿಸಿದರು. ಅದರ ಮೈಮೇಲೆ 10 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿತ್ತು, ಮೀಟರು 4 ತೋರಿಸಿತು. ಒಗೆಯುವ ಮೋಟಾರಿನಲ್ಲಿ ತಾಮ್ರದ ತಂತಿಯ ಎರಡು ಸುತ್ತುಗಳು ಸಮಸಮ ಇರುತ್ತವೆಯಂತೆ. ಒಂದು ಸುತ್ತಿಗೆ ಕರೆಂಟು ನೇರ ಹೋದರೆ ಇನ್ನೊಂದಕ್ಕೆ ಕಂಡೆನ್ಸರಿನ ಮೂಲಕ ಹೊತ್ತು ತಪ್ಪಿಸಿ ಹೋಗುತ್ತದೆ. ಆ ವ್ಯತ್ಯಾಸವೇ ಮೋಟಾರಿಗೆ ಮೊದಲ ನೂಕು. ಟೈಮರು ಆ ಎರಡು ಸುತ್ತುಗಳನ್ನು ಅದಲುಬದಲು ಮಾಡುತ್ತ ಹೋಗುವುದರಿಂದ ಬಟ್ಟೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊರಳುತ್ತದೆ. ಕಂಡೆನ್ಸರು ಬಲಗುಂದಿದರೆ ನೂಕು ಸಿಗದೆ ಮೋಟಾರು ನಿಂತಲ್ಲೇ ಗುಂಯ್‌ಗುಟ್ಟುತ್ತದೆ. ಮೂವತ್ತು ವರ್ಷ ಬಳಸಿದ ಮಷೀನು ಹೇಗೆ ಕೆಲಸ ಮಾಡುತ್ತದೆಂದು ನನಗೆ ತಿಳಿದದ್ದು ಅಂದೇ.

ಡ್ರೈಯರಿನದೂ ಸಣ್ಣ ರೋಗವೇ. ಮುಚ್ಚಳ ತೆರೆದರೆ ತಿರುಗುವುದು ನಿಲ್ಲಲೆಂದು ಅಲ್ಲೊಂದು ಸ್ವಿಚ್ಚು, ಒಂದು ಬ್ರೇಕಿನ ತಂತಿ ಇರುತ್ತವೆ. ಸ್ವಿಚ್ಚಿಗೆ ಕಿಲುಬು ಹಿಡಿದಿತ್ತು, ತಂತಿ ತುಂಡಾಗಿತ್ತು. ತಳದ ರಬ್ಬರ್ ಸೀಲು ನಮ್ಮ ಬೋರಿನ ಗಡಸು ನೀರಿನ ಸುಣ್ಣ ಕಟ್ಟಿ ಬಿರಿದಿತ್ತು. ಒಗೆಯುವ ಡಬ್ಬಿಯ ತಳದ ಚಕ್ರ ಎತ್ತಿದಾಗ ಎರಡು ಪಿನ್ನು, ಒಂದು ಹುಕ್ಕು, ಒಂದು ನಾಲ್ಕಾಣೆ ಸಿಕ್ಕವು. ನಾಲ್ಕಾಣೆಯ ಚಲಾವಣೆ ನಿಂತದ್ದು 2011ರ ಜೂನ್ 30ಕ್ಕೆ. ಅದಕ್ಕಿಂತ ಮೊದಲೇ ಯಾರದೋ ಜೇಬಿನಿಂದ ಜಾರಿದ್ದಿರಬೇಕು. ನಾಣ್ಯದ ಬೆಲೆ ಹೋಯಿತು, ಅದರ ಮೇಲೆ ತಿರುಗುತ್ತಿದ್ದ ಚಕ್ರದ ಬೆಲೆ ಹೋಗಿರಲಿಲ್ಲ.

ಅಳತೆಗೆ ಹೊಂದುವ ಸೀಲು ಬಸವಕಲ್ಯಾಣದಲ್ಲಿ ಸಿಗಲಿಲ್ಲ. ಸೋಲಾಪುರಕ್ಕೆ ಹೊರಟಿದ್ದ ಲಾರಿ ಡ್ರೈವರನ ಕೈಗೆ ಚಾಚಾ ಹಳೆಯದನ್ನೇ ಕೊಟ್ಟು ಕಳಿಸಿದರು. ಒಂಬತ್ತು ದಿನ ಕಾದೆವು. ಅಷ್ಟರಲ್ಲಿ ಹುಡುಗಿಯೂ ನಾನೂ ನಿಂಬೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಎರಡೂ ಡಬ್ಬಿಯ ಸುಣ್ಣ ಬಿಡಿಸಿದೆವು, ತುಕ್ಕು ಉಜ್ಜಿ ಬಣ್ಣ ಬಳಿದೆವು. ಮೂರು ಪಿನ್ನಿನ ಪ್ಲಗ್ ಹಾಕಿಸಿ ಅರ್ಥಿಂಗ್ ಸರಿ ಮಾಡಿಸಿದೆವು. ಕಂಡೆನ್ಸರ್ 140, ಸೀಲು 110, ಬೆಲ್ಟು 180, ಬ್ರೇಕಿನ ತಂತಿ 60, ಸ್ವಿಚ್ಚು 50. ಕೂಲಿಯೆಂದು ಚಾಚಾ 400 ಕೇಳಿದರು, ನಾನು 600 ಕೊಟ್ಟೆ. ಒಟ್ಟು 1,140 ರೂಪಾಯಿ. ಮಷೀನು ಈಗ ನಡೆಯುತ್ತಿದೆ.

ಇದು ಒಂದು ಮನೆಯ ಕಥೆಯೆಂದು ಬಿಡಬೇಡಿ. ಆ ಮಷೀನು ಬದುಕಿದ್ದಕ್ಕೆ ಮೂರು ಕಾರಣಗಳಿವೆ. ಅದನ್ನು ಬಿಚ್ಚಲು ಬರುವಂತೆ ಮಾಡಿದ್ದರು. ಬಿಡಿಭಾಗ ಎಲ್ಲೋ ಒಂದು ಕಡೆ ಸಿಕ್ಕಿತು. ಬಿಚ್ಚಿ ಜೋಡಿಸಬಲ್ಲ ಕೈಗಳು ಊರಲ್ಲಿದ್ದವು. ಈ ಮೂರೂ ನಮ್ಮ ಕಣ್ಣೆದುರೇ ಕೈತಪ್ಪುತ್ತಿವೆ. ಈಗಿನ ಕೆಲವು ಮಷೀನುಗಳಲ್ಲಿ ಹೊರಗಿನ ಟಬ್ಬನ್ನು ಬೆಸೆದೇಬಿಟ್ಟಿರುತ್ತಾರೆ. ಒಳಗಿನ ಒಂದು ಬೇರಿಂಗ್ ಹೋದರೆ ಇಡೀ ಟಬ್ಬು ಬದಲಿಸಬೇಕು. ಸ್ಪ್ರಿಂಗಿನ ಟೈಮರು ಇದ್ದಲ್ಲಿ ಎಲೆಕ್ಟ್ರಾನಿಕ್ ಬೋರ್ಡು ಬಂದಿದೆ. ನಮ್ಮ ಹಳ್ಳಿಗಳ ಕರೆಂಟಿನ ಏರಿಳಿತಕ್ಕೆ ಅದು ಸುಟ್ಟರೆ, ಬೋರ್ಡಿನ ಬೆಲೆ ಕೇಳಿದವರು ಹೊಸ ಮಷೀನಿನ ಅಂಗಡಿಗೆ ನಡೆಯುತ್ತಾರೆ.

ಸರ್ಕಾರಕ್ಕೆ ಇದು ತಿಳಿಯದ್ದಲ್ಲ. ‘ರಿಪೇರಿಯ ಹಕ್ಕು’ ಕುರಿತು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು. ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದಕ್ಕೊಂದು ಪೋರ್ಟಲ್ ತೆರೆಯಿತು. ರಿಪೇರಿಗೆ ಎಷ್ಟು ಒದಗುತ್ತದೆ ಎಂದು ಸಾಮಾನುಗಳಿಗೆ ಅಂಕ ಕೊಡುವ ಪದ್ಧತಿಯ ಬಗ್ಗೆ ಇನ್ನೊಂದು ಸಮಿತಿ 2025ರಲ್ಲಿ ವರದಿ ಕೊಟ್ಟಿದೆ, ಅದರ ಗಮನ ಮುಖ್ಯವಾಗಿ ಮೊಬೈಲು, ಎಲೆಕ್ಟ್ರಾನಿಕ್ಸಿನ ಮೇಲೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ವಾಷಿಂಗ್ ಮಷೀನೂ ಸೇರಿದೆ. ಆದರೆ ಆ ನಿಯಮಗಳ ಒತ್ತು ಕೆಟ್ಟದ್ದನ್ನು ಒಡೆದು ಲೋಹ, ಪ್ಲಾಸ್ಟಿಕ್ ತೆಗೆಯುವುದರ ಮೇಲೆ. ಒಡೆಯುವ ಮೊದಲು ಉಳಿಸುವುದರ ಮೇಲೆ ಅಷ್ಟೇ ಒತ್ತು ಬರಬೇಡವೇ?

ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚ್ 1ರಿಂದ ಒಂದು ಕಟ್ಟಳೆಯಿದೆ. ವಾಷಿಂಗ್ ಮಷೀನಿನ ಒಂದು ಮಾಡೆಲ್ ಮಾರುಕಟ್ಟೆಗೆ ಬರುವುದು ನಿಂತ ಮೇಲೂ ಹತ್ತು ವರ್ಷ ಅದರ ಮುಖ್ಯ ಬಿಡಿಭಾಗಗಳನ್ನು ಕಂಪನಿ ಒದಗಿಸಲೇಬೇಕು. ಫ್ರಾನ್ಸಿನಲ್ಲಿ ಅದೇ ವರ್ಷ ಜನವರಿಯಿಂದ, ಮುಂಭಾಗದಿಂದ ಬಟ್ಟೆ ಹಾಕುವ ಮಷೀನುಗಳ ಮೇಲೆ ರಿಪೇರಿಯ ಅಂಕ ಅಚ್ಚಾಗತೊಡಗಿತು. ನಮ್ಮಲ್ಲಿಯೂ ಮಷೀನಿನ ಮೇಲೆ ಕರೆಂಟಿನ ನಕ್ಷತ್ರಗಳ ಪಕ್ಕದಲ್ಲಿ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಕನ್ನಡದಲ್ಲಿ ಬರೆದಿರಲಿ. ತಂತಿಗಳ ನಕ್ಷೆ ಹಿಂದಿನ ತಗಡಿನ ಒಳಮೈಗೆ ಅಂಟಿರಲಿ. ನಾನು ದಾರ ಕಟ್ಟಿ ನೋಟುಬುಕ್ಕಿನಲ್ಲಿ ಬರೆದುಕೊಂಡ ಕೆಲಸ ಕಂಪನಿಯದಾಗಿತ್ತು.

ಇನ್ನು ಕೈಗಳ ಮಾತು. ಚಾಚಾ ಅವರಿಗೆ ಶಿಷ್ಯರಿಲ್ಲ. ಮಗ ಹೈದರಾಬಾದಿನಲ್ಲಿ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದಾನೆ. ಬಸವಕಲ್ಯಾಣವೆಂದರೆ ಲಾರಿಗಳ ಊರು. ಎಂಜಿನ್ ಇಳಿಸಿ, ಬಾಡಿ ಕಟ್ಟಿ, ಬೇರೆಯವರು ಕೈಬಿಟ್ಟ ಗಾಡಿಯನ್ನು ಮತ್ತೆ ಹೆದ್ದಾರಿಗೆ ಹತ್ತಿಸುವ ಕೈಗಳು ಇಲ್ಲಿವೆ. ಇದೇ ಊರಿನಲ್ಲಿ ಮಡಿವಾಳ ಮಾಚಿದೇವರ ಹೆಸರಿನ ಹೊಂಡವಿದೆ, ನುಲಿಯ ಚಂದಯ್ಯನವರ ಗವಿಯಿದೆ. ಒಬ್ಬರು ಬಟ್ಟೆ ಒಗೆದವರು, ಇನ್ನೊಬ್ಬರು ಹಗ್ಗ ಹೊಸೆದವರು. 12ನೇ ಶತಮಾನದಲ್ಲಿ ಕೈಕೆಲಸದವರನ್ನು ಅನುಭವ ಮಂಟಪದಲ್ಲಿ ಸಮನಾಗಿ ಕೂರಿಸಿದ ನೆಲದಲ್ಲಿ ರಿಪೇರಿಯವರನ್ನು ಬಾಗಿಲಾಚೆ ನಿಲ್ಲಿಸಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವುದು ನಮಗೆ ಶೋಭೆಯಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಬೆಂಗಳೂರಿನಲ್ಲಿ 2015ರಿಂದ ಕೆಲವರು ಸೇರಿ ‘ರಿಪೇರಿ ಕೆಫೆ’ ನಡೆಸುತ್ತ ಬಂದಿದ್ದಾರೆ. ಕೆಟ್ಟ ಸಾಮಾನು ತಂದವರು ಬಲ್ಲವರ ಜೊತೆ ಕೂತು ತಾವೇ ರಿಪೇರಿ ಕಲಿಯುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರಿವು ಕೇಂದ್ರಗಳಿವೆ. ತಿಂಗಳಿಗೊಂದು ಭಾನುವಾರ ಅಲ್ಲೊಂದು ಮೇಜು ಹಾಕಿ, ಚಾಚಾನಂಥವರಿಗೆ ಗೌರವಧನ ಕೊಟ್ಟು ಕರೆಸಿ, ಐಟಿಐ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿದರೆ ಸಾಕು. ಕರೆಂಟಿನ ಕೆಲಸ ಅರಿಯದೆ ಮಾಡಿದರೆ ಪ್ರಾಣಕ್ಕೆ ಸಂಚಕಾರ. ಬಲ್ಲವರ ಪಕ್ಕ ಕೂತು ಕಲಿಯಬೇಕೆನ್ನುವುದು ಅದಕ್ಕೇ. ನಮ್ಮ ಅಜ್ಜಿಯರು ಹರಿದ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿದವರು. ಮಕ್ಕಳು ಅವರ ಪಕ್ಕದಲ್ಲಿ ಕೂತೇ ಸೂಜಿಗೆ ದಾರ ಪೋಣಿಸುವುದನ್ನು ಕಲಿತರು.

ಬ್ಯಾಟರಿ ಹಿಡಿದಿದ್ದ ಆ ಹುಡುಗಿ ನನ್ನ ನೋಟುಬುಕ್ಕು ಕೇಳಿ ಒಯ್ದಿದ್ದಳು. ಹೋದ ವಾರ ಸಂಜೆ ಓಡುತ್ತ ಬಂದಳು. “ಟೀಚರ್, ನಮ್ಮನಿ ಫ್ಯಾನ್ ತಿರಗಲ್ದು, ಗುಂಯ್ ಅಂತದ. ಅಪ್ಪ ಭಂಗಾರಕ್ಕ ಹಾಕ್ತೀನಿ ಅನ್ಲಕತ್ತಾರ. ಅದಕ್ಕ ಜೀವ ಅದ ಅಲ್ರೀ?”