ಟವರಿಗೆ ಕರೆಂಟು ಎಷ್ಟು ಬೇಕು?



ಸಂಘದ ಅಡಿಕೆ ಸುಲಿಯುವ ಯಂತ್ರ ಕೈಕೊಟ್ಟ ಕಾರಣ, ಅದರ ಬಿಡಿಭಾಗವೊಂದನ್ನು ಮಾಡಿಸಿಕೊಂಡು ಬರಲು ನಾವು ಕಳೆದ ತಿಂಗಳು ಅತ್ತಿಬೆಲೆಗೆ ಹೋಗಿದ್ದೆವು. ತಮಿಳುನಾಡಿನ ಗಡಿಗೆ ಅಂಟಿಕೊಂಡಿರುವ, ರಾತ್ರಿಯಿಡೀ ಲಾರಿಗಳ ಸದ್ದು ನಿಲ್ಲದ ಆ ಊರಿನಲ್ಲಿ ಎರಡು ದಿನ ತಂಗಬೇಕಾಯಿತು. ಉಳಿದುಕೊಂಡಿದ್ದ ಮಹಡಿಯ ಮೇಲೆ ನಿಂತು ನೋಡಿದರೆ ಸುತ್ತಲೂ ಮೊಬೈಲ್ ಟವರುಗಳು. ನಿದ್ದೆ ಬಾರದೆ ಎಣಿಸಿದೆವು, ಹನ್ನೊಂದು. ನಮ್ಮೂರಿಗೆ ಇರುವುದು ಒಂದೇ. ಅದೂ ಆಷಾಢ ಕಾಲಿಟ್ಟರೆ ಇದ್ದೂ ಇಲ್ಲದಂತೆ.

ಕಳೆದ ಮಳೆಗಾಲದಲ್ಲಿ ನಡೆದದ್ದು ಸದಸ್ಯರಲ್ಲಿ ಹಲವರಿಗೆ ಗೊತ್ತೇ ಇದೆ. ಮರ ಬಿದ್ದು ಲೈನು ಹರಿದು ಎರಡನೆಯ ದಿನ. ಒಂದು ಗಳಿಗೆ ಹೊಳವಾಯಿತೆಂದು ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತಿದ ಹುಡುಗ ಜಾರಿ ಬಿದ್ದ. 108ಕ್ಕೆ ಫೋನು ಮಾಡಬೇಕೆಂದರೆ ಯಾರ ಕೈಯಲ್ಲಿದ್ದ ಮೊಬೈಲಿಗೂ ಜೀವವಿಲ್ಲ. ಇನ್ನೊಬ್ಬ ಹುಡುಗ ಬೈಕಿನಲ್ಲಿ ಒಂಬತ್ತು ಕಿಲೋಮೀಟರು ಓಡಿ, ಸಿಗ್ನಲ್ ಸಿಗುವ ತಿರುವಿನಲ್ಲಿ ನಿಂತು ಕರೆ ಮಾಡಿದ. ಬಿದ್ದವನು ಬದುಕಿಕೊಂಡ, ಸೊಂಟ ಮಾತ್ರ ಮೊದಲಿನಂತಾಗಲಿಲ್ಲ. ಟವರು ಏಕೆ ಸತ್ತಿತ್ತು ಎಂದು ವಿಚಾರಿಸಿದಾಗ ನಮಗೆ ಸಿಕ್ಕ ಉತ್ತರ, ಬ್ಯಾಟರಿ ಮುಗಿದಿತ್ತು, ಡೀಸೆಲ್ ತರುವ ಜೀಪು ಮೇಲೆ ಬರಲಾಗಲಿಲ್ಲ.

ಅತ್ತಿಬೆಲೆಯಲ್ಲಿದ್ದ ಸಂಜೆ ನಮ್ಮ ಸದಸ್ಯರೊಬ್ಬರ ಮಗ ಕಾಣಲು ಬಂದಿದ್ದ. ಅಲ್ಲಿಂದ ಸುಮಾರು ಹದಿನೈದು ಕಿಲೋಮೀಟರು ದೂರದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ಟವರುಗಳ ರೇಡಿಯೋ ಉಪಕರಣದ ಕೆಲಸವೇ ಅವನದು. ‘ಏನಪ್ಪಾ, ನಮ್ಮೂರಿಗೆ ಒಂದು ದೊಡ್ಡ ಜನರೇಟರ್ ಹಾಕಿಸಲು ಆಗದೇ?’ ಎಂದು ಕೇಳಿದೆವು. ‘ಮಾವ, ನೀವು ಟವರಿಗೆ ಹೊಟ್ಟೆತುಂಬ ಹಾಕುವ ಯೋಚನೆ ಮಾಡ್ತಿದ್ದೀರಿ. ಅದರ ಹಸಿವನ್ನೇ ಕಡಿಮೆ ಮಾಡಬೇಕು’ ಎಂದ. ಆ ಮಾತು ನಮ್ಮನ್ನು ಹಿಡಿದುಕೊಂಡಿತು. ಈ ಲೇಖನಕ್ಕೆ ಕಾರಣವೂ ಅದೇ.

ಲೆಕ್ಕ ನೋಡೋಣ. ಎರಡು ಮೂರು ಕಂಪನಿಗಳ ಉಪಕರಣ ಹೊತ್ತ ಟವರೊಂದು 3 ಕಿಲೋವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು 4 ಅಶ್ವಶಕ್ತಿಯ ಪಂಪು, ಹಗಲು ರಾತ್ರಿ ಎನ್ನದೆ ವರ್ಷವಿಡೀ ಓಡುವ ಪಂಪು. ದಿನಕ್ಕೆ 72 ಯೂನಿಟ್. ಕೆಳಗೆ 48 ವೋಲ್ಟಿನ, 600 ಆಂಪಿಯರ್-ಗಂಟೆಯ ಬ್ಯಾಟರಿ ಸಾಲು ಇದ್ದರೆ ಅದರಲ್ಲಿ ತುಂಬಿರುವುದು 28.8 ಯೂನಿಟ್. ಪೂರ್ತಿ ಬಸಿದರೆ ಬ್ಯಾಟರಿ ಕೆಡುವುದರಿಂದ ಕೈಗೆ ಸಿಗುವುದು 23 ಯೂನಿಟ್ ಎನ್ನಬಹುದು. 3 ಕಿಲೋವ್ಯಾಟಿಗೆ ಅದು ಎಂಟು ಗಂಟೆ ಕೂಡ ಬಾರದು. ಅದೇ ಟವರು 1 ಕಿಲೋವ್ಯಾಟಿನಲ್ಲಿ ನಡೆಯುವಂತಾದರೆ 23 ಗಂಟೆ. ಒಂದು ಹನಿ ಡೀಸೆಲ್ ಹೆಚ್ಚಿಗೆ ಸುಡದೆ, ಒಂದು ಬ್ಯಾಟರಿ ಹೆಚ್ಚಿಗೆ ತಾರದೆ, ಮರ ಬಿದ್ದ ದಿನ ನಮಗೆ ಮತ್ತೆ ಹದಿನೈದು ಗಂಟೆ ಫೋನು ದೊರೆಯುತ್ತದೆ. ವಿದ್ಯುತ್ ಉಳಿತಾಯವೆಂದರೆ ಪಟ್ಟಣದವರ ಪರಿಸರ ಕಾಳಜಿ ಎಂದು ನಾವೂ ಬಹುಕಾಲ ಭಾವಿಸಿದ್ದೆವು. ಗುಡ್ಡದ ಮೇಲಿನ ಊರಿಗೆ ಅದು ಬೇರೆಯೇ ವಿಷಯ.

ಡೀಸೆಲ್ಲಿನ ಕಥೆಯನ್ನು ಹೆಚ್ಚು ಹೇಳಬೇಕಿಲ್ಲ. ಸಣ್ಣ ಜನರೇಟರು ಒಂದು ಲೀಟರಿಗೆ 3 ಯೂನಿಟ್ ಕೊಟ್ಟರೆ ಹೆಚ್ಚು. 72 ಯೂನಿಟ್ಟಿಗೆ ದಿನಕ್ಕೆ 24 ಲೀಟರು, ಅದನ್ನು ಮಳೆಯಲ್ಲಿ ಕ್ಯಾನಿನಲ್ಲಿ ಹೊರಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011ರಲ್ಲಿಯೇ ದೇಶದ ಟವರುಗಳು ವರ್ಷಕ್ಕೆ ಸುಮಾರು 200 ಕೋಟಿ ಲೀಟರ್ ಡೀಸೆಲ್ ಕುಡಿಯುತ್ತವೆಂದು ಅಂದಾಜು ಮಾಡಿ ಶಿಫಾರಸು ಸಲ್ಲಿಸಿತ್ತು. 2012ರ ಜನವರಿಯಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಆದೇಶವನ್ನೂ ಹೊರಡಿಸಿತು. ಅದರಂತೆ ಗ್ರಾಮಾಂತರ ಟವರುಗಳ ಪೈಕಿ ನೂರಕ್ಕೆ 50ರಷ್ಟು 2015ರೊಳಗೆ, 75ರಷ್ಟು 2020ರೊಳಗೆ ಸೌರ ಮುಂತಾದ ನವೀಕರಿಸಬಹುದಾದ ಶಕ್ತಿಯನ್ನು ಗ್ರಿಡ್ ವಿದ್ಯುತ್ತಿನೊಂದಿಗೆ ಬೆರೆಸಿ ಬಳಸಬೇಕಿತ್ತು. ಎರಡೂ ಗಡುವುಗಳು ಕಳೆದುಹೋದವು. ನಮ್ಮ ಗುಡ್ಡದ ಟವರಿನಲ್ಲಿ ಇಂದಿಗೂ ಒಂದು ಸೌರ ಫಲಕವಿಲ್ಲ.

ಇದ್ದರೂ ಮಳೆಗಾಲದಲ್ಲಿ ಅದರ ಯೋಗ್ಯತೆ ಎಷ್ಟು ಎಂಬುದು ಜೂನಿನಿಂದ ಆಗಸ್ಟಿನವರೆಗೆ ಅಂಗಳದ ಮುಖ ನೋಡದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಸಿಲು ಇಲ್ಲದ ದಿನವೇ ಲೈನು ಹರಿಯುವುದು. ಆದ್ದರಿಂದ ಫಲಕ ಹಾಕಿ ಎಂದು ಕೇಳುವ ಮೊದಲು ಖರ್ಚು ತಗ್ಗಿಸಿ ಎಂದು ಕೇಳುವುದು ನ್ಯಾಯ.

ಖರ್ಚು ತಗ್ಗಿಸುವುದು ಸಾಧ್ಯವೇ? ಸಾಧ್ಯ, ಬಹಳಷ್ಟು ಆಗಿಯೂ ಇದೆ. ಹಿಂದೆ ರೇಡಿಯೋ ಯಂತ್ರವನ್ನು ಟವರಿನ ಬುಡದ ಕೋಣೆಯಲ್ಲಿಟ್ಟು, ಅದಕ್ಕೆ ಏರ್ ಕಂಡೀಷನರ್ ಹಾಕಿ, ದಪ್ಪ ಕೇಬಲ್ಲಿನ ಮೂಲಕ ಮೇಲಿನ ಆಂಟೆನಾಕ್ಕೆ ಶಕ್ತಿ ಕಳಿಸುತ್ತಿದ್ದರು. ಉದ್ದನೆಯ ಕೇಬಲ್ಲಿನಲ್ಲಿ ಅರ್ಧದಷ್ಟು ಬಿಸಿಯಾಗಿ ಹೋಗುವುದೂ ಉಂಟು, ತೂತು ಪೈಪಿನಲ್ಲಿ ತೋಟಕ್ಕೆ ನೀರು ಬಿಟ್ಟ ಹಾಗೆ. ಈಗ ರೇಡಿಯೋವನ್ನೇ ಆಂಟೆನಾದ ಪಕ್ಕಕ್ಕೆ ಏರಿಸುತ್ತಾರೆ. ಹೊರಗಿನ ಗಾಳಿಯಲ್ಲೇ ತಣ್ಣಗಾಗುತ್ತದೆ, ಕೋಣೆಯೂ ಬೇಡ, ಏರ್ ಕಂಡೀಷನರೂ ಬೇಡ. ಹಳೆಯ ಕೋಣೆಗಳು ಇನ್ನೂ ಇರುವಲ್ಲಿ ಅವನ್ನು ಬದಲಿಸಬೇಕೆಂಬುದು ನಮ್ಮ ಮೊದಲ ಬೇಡಿಕೆ.

ಎರಡನೆಯದು ನಿದ್ರೆಯ ವಿಚಾರ. 4ಜಿ ಉಪಕರಣವು ಯಾರೂ ಮಾತನಾಡದಿದ್ದರೂ ಸೆಕೆಂಡಿಗೆ ಸಾವಿರ ಸಲ ‘ನಾನಿಲ್ಲಿದ್ದೇನೆ’ ಎಂದು ಕೂಗುತ್ತಲೇ ಇರಬೇಕು. 5ಜಿಯಲ್ಲಿ ಆ ಕೂಗು ಸಾಮಾನ್ಯವಾಗಿ ಸೆಕೆಂಡಿಗೆ 50 ಸಲ, ನಡುವಿನ ಹೊತ್ತಿನಲ್ಲಿ ಯಂತ್ರ ಕಣ್ಣು ಮುಚ್ಚಬಹುದು. ನಗರದ 5ಜಿ ಆಂಟೆನಾವೊಂದರಲ್ಲಿ 64 ಪ್ರಸಾರಕಗಳಿದ್ದರೆ, ಜನ ಮಲಗಿದ ಮೇಲೆ ಅವುಗಳಲ್ಲಿ ಹಲವನ್ನು ಆರಿಸಬಹುದು. ಒಂದೇ ಟವರಿನಲ್ಲಿ ನಾಲ್ಕು ಬೇರೆ ಬೇರೆ ತರಂಗಪಟ್ಟಿ ಓಡುತ್ತಿದ್ದರೆ ಮೂರನ್ನು ಬೆಳಗಿನವರೆಗೆ ನಿಲ್ಲಿಸಬಹುದು. ಅತ್ತಿಬೆಲೆಯ ಹನ್ನೊಂದು ಟವರುಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಇಲ್ಲಿ ನಾವು ಎಚ್ಚರದಿಂದಿರಬೇಕು. ಒಂದೇ ಟವರಿರುವ ನಮ್ಮಂಥ ಊರಿನಲ್ಲಿ ಉಳಿತಾಯದ ಹೆಸರು ಹೇಳಿ ಇರುವ ಒಂದೇ ಪಟ್ಟಿಯನ್ನು ರಾತ್ರಿ ಆರಿಸಿದರೆ ಅದನ್ನು ಒಪ್ಪಲಾಗದು. ಹೆಚ್ಚುವರಿ ಪಟ್ಟಿ ಮಲಗಲಿ, ಕರೆ ಹೋಗುವ ಪಟ್ಟಿ ಎಚ್ಚರವಿರಲಿ.

ಮೂರನೆಯದನ್ನು ಸಹಕಾರಿಗಳಾದ ನಾವು ಯಾರಿಗಿಂತಲೂ ಚೆನ್ನಾಗಿ ಬಲ್ಲೆವು. ಹತ್ತು ಮನೆಗೆ ಹತ್ತು ಪಲ್ಪರ್ ಏಕೆ? ಗಿರಾಕಿ ಕಡಿಮೆಯಿರುವ ಊರಿನಲ್ಲಿ ಮೂರು ಕಂಪನಿಗಳು ಮೂರು ರೇಡಿಯೋ ಓಡಿಸಿದರೆ ಮೂರೂ ಅರೆಹೊಟ್ಟೆಯ ಕೆಲಸಕ್ಕೆ ಪೂರ್ತಿ ಊಟ ಮಾಡುತ್ತವೆ. ಡಿಜಿಟಲ್ ಭಾರತ್ ನಿಧಿಯ ಹಣದಿಂದ ಕಟ್ಟಿದ 4ಜಿ ಟವರುಗಳಲ್ಲಿ ಬೇರೆ ಕಂಪನಿಗಳ ಗ್ರಾಹಕರೂ ಮಾತನಾಡುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆತಿದೆ. ಅದು ಎಲ್ಲ ಒಂಟಿ ಊರುಗಳಿಗೂ ಬರಬೇಕು. ಕಡೆಯ ಪಕ್ಷ ಕರೆಂಟು ಹೋದ ಕೂಡಲೇ, ಒಂದು ರೇಡಿಯೋ ಎಲ್ಲರ ಕರೆಯನ್ನೂ ಹೊತ್ತು, ಉಳಿದವು ನಿಲ್ಲುವಂತಾಗಬೇಕು.

ಇವೆಲ್ಲ ನಮ್ಮ ದೇಶಕ್ಕೆ ಆಗದ ಮಾತು ಎನ್ನುವವರಿದ್ದಾರೆ. ಅವರಿಗೆ ಕಿತ್ತೂರನ್ನು ನೆನಪಿಸಬೇಕು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು 128 ಲೈನಿನ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ನಿರ್ಮಿಸಿ, ಮೊದಲನೆಯದನ್ನು 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸ್ಥಾಪಿಸಿತು. ಹಳ್ಳಿಯ ಸೆಕೆ, ಧೂಳಿನಲ್ಲಿ ಏರ್ ಕಂಡೀಷನರ್ ಇಲ್ಲದೆ ಕೆಲಸ ಮಾಡಬೇಕೆಂಬುದೇ ಅದರ ರಚನೆಯ ಮೊದಲ ಷರತ್ತು. ತಂಪು ಕೋಣೆ ಕಟ್ಟಿ ಯಂತ್ರವನ್ನು ಸಾಕುವುದು ಬೇಡ, ಇರುವ ಹವೆಯಲ್ಲಿ ಬದುಕುವ ಯಂತ್ರವನ್ನೇ ಮಾಡೋಣ ಎಂದು ಹೊರಟರು, ಮಾಡಿ ತೋರಿಸಿದರು. ಅದೇ ಸಂಸ್ಥೆ ಇಂದು ಎಲೆಕ್ಟ್ರಾನಿಕ್ ಸಿಟಿಯಲ್ಲೂ ಇದೆ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತಷ್ಟೆ. ಅದರ ರೇಡಿಯೋಗಳನ್ನು ಪೂರೈಸಿದ ತೇಜಸ್ ನೆಟ್‌ವರ್ಕ್ಸ್ ಇರುವುದೂ ಅಲ್ಲಿಯೇ. ಯಂತ್ರ ಪರದೇಶದ್ದಾಗಿದ್ದಾಗ ನಮ್ಮ ಮಳೆಯ ವಿಚಾರ ಯಾರಿಗೆ ಹೇಳುವುದು ಎಂಬ ಸಬೂಬಿತ್ತು. ಈಗ ಹೇಳಬೇಕಾದವರು ಹೊಸೂರು ರಸ್ತೆಯಲ್ಲಿದ್ದಾರೆ.

ಇನ್ನೊಂದು ಯೋಚನೆಯನ್ನೂ ಸದಸ್ಯರ ಮುಂದಿಡುತ್ತೇವೆ. ಮಲೆನಾಡಿನ ಎಷ್ಟೋ ಮನೆಗಳು ಹಳ್ಳದ ನೀರಿಗೆ ಒಂದು ಕಿಲೋವ್ಯಾಟಿನ ಪುಟ್ಟ ಟರ್ಬೈನ್ ಕೂರಿಸಿಕೊಂಡಿವೆ, ಹಲವಕ್ಕೆ ಕ್ರೆಡಲ್ ಸಂಸ್ಥೆಯ ಸಹಾಯಧನವೂ ದೊರೆತಿತ್ತು. ಬಿಸಿಲು ಇಲ್ಲದ ತಿಂಗಳುಗಳಲ್ಲೇ ಅದು ಸೊಗಸಾಗಿ ತಿರುಗುತ್ತದೆ. 3 ಕಿಲೋವ್ಯಾಟಿನ ಟವರನ್ನು ಅದು ಹೊರಲಾರದು. 1 ಕಿಲೋವ್ಯಾಟಿಗೆ ಇಳಿದ ಟವರಿಗೆ ನಮ್ಮದೇ ಹಳ್ಳ, ಎರಡು ಟರ್ಬೈನು ಸಾಕು, ಒಂದು ಕೆಟ್ಟರೆ ಇನ್ನೊಂದು. ಕಂಪನಿ ಯೂನಿಟ್ಟಿಗೆ ದರ ಕೊಟ್ಟರೆ ಸಂಘ ನಡೆಸಲು ಸಿದ್ಧ ಎಂಬುದು ನಮ್ಮ ಸ್ವಂತ ಅಭಿಪ್ರಾಯ, ಆಡಳಿತ ಮಂಡಲಿಯದಲ್ಲ.

ಗ್ರಾಮಸಭೆಯಲ್ಲಿ ಟವರಿನ ಮಾತು ಬಂದರೆ ವಿಕಿರಣದ ಜಗಳವೇ ಗಂಟೆಗಟ್ಟಲೆ ನಡೆಯುತ್ತದೆ. ಅದು ಎಷ್ಟು ಯೂನಿಟ್ ಎಳೆಯುತ್ತದೆ, ಬ್ಯಾಟರಿ ಎಷ್ಟು ಗಂಟೆಯದು, ಕಡೆಯ ಸಲ ಬದಲಿಸಿದ್ದು ಯಾವಾಗ ಎಂದು ಈವರೆಗೆ ಒಬ್ಬರೂ ಕೇಳಿದ್ದನ್ನು ನಾವು ಕಾಣೆವು. ಈ ಮೂರು ಪ್ರಶ್ನೆಗಳನ್ನು ಬರೆದು ಟವರಿನ ಕಂಪನಿಗೆ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೆ, ಸಂಘದ ಮೂಲಕ ಕಳಿಸಲಿದ್ದೇವೆ. ಅದಕ್ಕೆ ಪುರಾವೆ ಬೇಕು. ಮಳೆ ಹಿಡಿದ ದಿನದಿಂದ ಕರೆಂಟು ಹೋದ ಹೊತ್ತು, ಟವರು ಸತ್ತ ಹೊತ್ತು, ಮತ್ತೆ ಬಂದ ಹೊತ್ತು, ಇಷ್ಟನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ವಾರ್ಷಿಕ ಮಹಾಸಭೆಗೆ ಬರುವಾಗ ಆ ಹಾಳೆಗಳನ್ನು ತಪ್ಪದೆ ತರಬೇಕಾಗಿ ವಿನಂತಿ.

ಯಂತ್ರ ರಿಪೇರಿಯಾಗಿ ಬಂದಿದೆ. ಸೋಮವಾರದಿಂದ ಸುಲಿಯಲು ತರಬಹುದು.