ಮದುವೆ ಮುಗಿದರೂ ಮುಗಿಯದ ಕಂತು

ಜಂಟಿ ಸಾಲ ಇತ್ಯರ್ಥವಾಗದೆ ವಿಚ್ಛೇದನ ಪೂರ್ಣವಾಗದು. ಸಂಧಾನದ ಮೇಜಿಗೆ ಬ್ಯಾಂಕನ್ನೂ ಕರೆಯಬೇಕು

ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಕೌಟುಂಬಿಕ ನ್ಯಾಯಾಲಯಗಳಿವೆ, ಸಂಧಾನ ಕೇಂದ್ರವೂ ಇದೆ. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವ ದಂಪತಿ ಇಂಥ ಕಡೆ ಕುಳಿತು ರಾಜಿಪತ್ರ ಬರೆಸುತ್ತಾರೆ. ಮಗು ಯಾರ ಬಳಿ ಬೆಳೆಯಬೇಕು, ಇನ್ನೊಬ್ಬರು ಯಾವ ವಾರ ಬಂದು ನೋಡಬೇಕು, ಒಡವೆ ಯಾರಿಗೆ, ಜೀವನಾಂಶ ಎಷ್ಟು ಎಂಬುದೆಲ್ಲ ಅದರಲ್ಲಿ ಇತ್ಯರ್ಥವಾಗುತ್ತದೆ. ಇಬ್ಬರೂ ದುಡಿಯುವ ಮನೆಯಾದರೆ ಕೊನೆಗೊಂದು ಷರತ್ತು ಸೇರುತ್ತದೆ: ‘ಮನೆ ಸಾಲದ ಮುಂದಿನ ಎಲ್ಲ ಕಂತುಗಳನ್ನು ಮೊದಲನೇ ಅರ್ಜಿದಾರರೇ ಕಟ್ಟತಕ್ಕದ್ದು’. ಇಬ್ಬರೂ ಸಹಿ ಮಾಡುತ್ತಾರೆ, ನ್ಯಾಯಾಲಯ ಮುದ್ರೆ ಒತ್ತುತ್ತದೆ. ಎರಡನೇ ಅರ್ಜಿದಾರರು ತಾವು ಸಾಲದಿಂದ ಬಿಡುಗಡೆಯಾದೆವೆಂದು ನಂಬಿ ಹೊರಬರುತ್ತಾರೆ.

ಆ ನಂಬಿಕೆಗೆ ಬ್ಯಾಂಕಿನಲ್ಲಿ ಬೆಲೆಯಿಲ್ಲ. ಸಾಲ ಕೊಟ್ಟ ಬ್ಯಾಂಕು ಆ ರಾಜಿಗೆ ಪಕ್ಷಕಾರನೇ ಅಲ್ಲ. ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ ಮೊದಲನೇ ಅರ್ಜಿದಾರರು ಕಂತು ನಿಲ್ಲಿಸಿದರೆ ಬ್ಯಾಂಕಿನ ಕರೆ ಇನ್ನೊಬ್ಬರ ಮೊಬೈಲಿಗೂ ಬರುತ್ತದೆ. ನ್ಯಾಯಾಲಯದ ಆದೇಶ ತೋರಿಸಿದರೆ ಸಿಗುವ ಉತ್ತರ ಒಂದೇ: ‘ಅದು ನಿಮ್ಮಿಬ್ಬರ ನಡುವಿನ ವಿಷಯ’. ಕಾನೂನಿನ ಪ್ರಕಾರ ಆ ಉತ್ತರ ಸರಿ. ಸಮಸ್ಯೆ ಇರುವುದೂ ಅಲ್ಲಿಯೇ. ನ್ಯಾಯಾಲಯಕ್ಕೆ ಸಾಲ ಕಾಣುತ್ತದೆ, ಆದರೆ ಬ್ಯಾಂಕು ಎದುರಿಗಿಲ್ಲ. ಬ್ಯಾಂಕಿಗೆ ಸಾಲಗಾರರು ಕಾಣುತ್ತಾರೆ, ಆದರೆ ಅವರು ಬೇರೆಯಾಗಿದ್ದು ಲೆಕ್ಕಕ್ಕಿಲ್ಲ. ಈ ಎರಡು ವ್ಯವಸ್ಥೆಗಳನ್ನು ಒಂದೆಡೆ ಕೂರಿಸದ ಹೊರತು ನಾವು ಕೊಡುತ್ತಿರುವುದು ಅರ್ಧ ವಿಚ್ಛೇದನ.

ಅರ್ಧ ಸಾಲ ಎಂಬುದು ಇಲ್ಲ

ಇಬ್ಬರು ಸೇರಿ ಸಾಲ ಪಡೆದರೆ ಅರ್ಧರ್ಧ ಹೊಣೆ ಎಂದು ಹೆಚ್ಚಿನವರು ತಿಳಿದಿದ್ದಾರೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 43ನೇ ಕಲಂ ಹೇಳುವುದು ಬೇರೆ. ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಸಾಲ ವಸೂಲು ಮಾಡುವ ಹಕ್ಕು ಸಾಲ ಕೊಟ್ಟವರಿಗಿದೆ. ಪೂರ್ತಿ ಕಟ್ಟಿದವರು ಇನ್ನೊಬ್ಬರ ಪಾಲನ್ನು ಅವರಿಂದ ಕೇಳಬಹುದು ಎಂದು ಅದೇ ಕಲಂ ಹೇಳುತ್ತದೆ, ಆದರೆ ಅದಕ್ಕೆ ಪ್ರತ್ಯೇಕ ದಾವೆ ಹೂಡಬೇಕು. ಒಂದು ವ್ಯಾಜ್ಯ ಮುಗಿಸಿ ಬಂದವರು ಅದೇ ವ್ಯಕ್ತಿಯ ವಿರುದ್ಧ ಇನ್ನೊಂದಕ್ಕೆ ಮತ್ತೆ ವಕೀಲರ ಮನೆಯ ಮೆಟ್ಟಿಲು ಹತ್ತಬೇಕು. ವಿಚ್ಛೇದನದ ಕಾನೂನು ಧರ್ಮದಿಂದ ಧರ್ಮಕ್ಕೆ ಬದಲಾಗಬಹುದು. ಈ ಒಪ್ಪಂದದ ಕಾನೂನು ಎಲ್ಲರಿಗೂ ಒಂದೇ.

ಮನೆ ಸಾಲದ ಲೆಕ್ಕ ನೋಡಿದರೆ ಹೊಣೆಯ ಭಾರ ತಿಳಿಯುತ್ತದೆ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ₹50 ಲಕ್ಷ ಸಾಲ ತೆಗೆದರೆ ತಿಂಗಳ ಕಂತು ಸುಮಾರು ₹43,400. ಐದು ವರ್ಷ ತಪ್ಪದೆ ಕಟ್ಟಿದರೆ ಕೈಬಿಟ್ಟ ಹಣ ₹26 ಲಕ್ಷ ದಾಟುತ್ತದೆ. ಅಷ್ಟರಲ್ಲಿ ಅಸಲು ಇಳಿದಿರುವುದು ₹6 ಲಕ್ಷಕ್ಕೂ ಕಡಿಮೆ. ಇನ್ನೂ ₹44 ಲಕ್ಷ ಬಾಕಿ. ಮದುವೆಯಾದ ಮೊದಲ ವರ್ಷಗಳಲ್ಲಿ ಮನೆ ಕೊಂಡು ಐದಾರು ವರ್ಷಕ್ಕೆ ಬೇರೆಯಾಗುವವರು ಹಂಚಿಕೊಳ್ಳುವುದು ಮನೆಗಿಂತ ಹೆಚ್ಚಾಗಿ ಸಾಲವನ್ನು.

ಹೆಸರು ಸೇರಿಸುವಾಗ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಎರಡು ಸಂಬಳ ತೋರಿಸಿದರೆ ಹೆಚ್ಚು ಸಾಲ ಸಿಗುತ್ತದೆ. ಹೆಂಡತಿಯ ಹೆಸರಿದ್ದರೆ ಕೆಲವು ಬ್ಯಾಂಕುಗಳಲ್ಲಿ ಬಡ್ಡಿಯೂ ತುಸು ಕಡಿಮೆ. ಸಹ ಮಾಲೀಕರೂ ಆಗಿದ್ದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಇಬ್ಬರೂ ತಲಾ ₹2 ಲಕ್ಷದವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆದು ತೋರಿಸಬಹುದು. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಸಾಲಪತ್ರದಲ್ಲಿ ಹೆಸರಿದ್ದು ಕ್ರಯಪತ್ರದಲ್ಲಿ ಇಲ್ಲದಿರುವುದೂ ಉಂಟು. ಬ್ಯಾಂಕುಗಳು ಸಾಮಾನ್ಯವಾಗಿ ಸಹ ಮಾಲೀಕರೆಲ್ಲ ಸಹ ಸಾಲಗಾರರಾಗಬೇಕೆಂದು ಕೇಳುತ್ತವೆ. ಸಹ ಸಾಲಗಾರರೆಲ್ಲ ಮಾಲೀಕರೇ ಆಗಿರಬೇಕೆಂದು ಕೇಳುವುದಿಲ್ಲ. ಹಾಗಾಗಿ ಗೋಡೆಯ ಒಂದು ಇಟ್ಟಿಗೆಯ ಮೇಲೂ ಹಕ್ಕಿಲ್ಲದ ಹೆಣ್ಣುಮಗಳು ಇಡೀ ಸಾಲಕ್ಕೆ ಹೊಣೆಯಾಗಿರಬಹುದು. ಮದುವೆಯ ಕಾಲದಲ್ಲಿ ಗಳಿಸಿದ ಆಸ್ತಿ ಇಬ್ಬರದೂ ಎನ್ನುವ ಕಾನೂನು ನಮ್ಮಲ್ಲಿ ಸಾಮಾನ್ಯವಾಗಿ ಇಲ್ಲ. ಯಾರ ಹೆಸರಿನಲ್ಲಿದೆಯೋ ಅದು ಅವರದು. ಆಸ್ತಿಯ ವಿಷಯದಲ್ಲಿ ಬೇರೆಬೇರೆ ಎನ್ನುವ ವ್ಯವಸ್ಥೆ ಸಾಲ ಬಂದಾಗ ಮಾತ್ರ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತದೆ.

ಒಬ್ಬರ ಸುಸ್ತಿ, ಇಬ್ಬರಿಗೂ ಮಸಿ

ಜಂಟಿ ಸಾಲದ ಒಂದು ಕಂತು ತಪ್ಪಿದರೂ ಅದು ಇಬ್ಬರ ಸಾಲ ಚರಿತ್ರೆಯಲ್ಲೂ ದಾಖಲಾಗುತ್ತದೆ. 300ರಿಂದ 900ರವರೆಗಿನ ಸಿಬಿಲ್ ಅಂಕ ಇಬ್ಬರದೂ ಕುಸಿಯುತ್ತದೆ. ಈ ಮಾಹಿತಿಯನ್ನು ಬ್ಯಾಂಕುಗಳು ಸಾಲ ಮಾಹಿತಿ ಸಂಸ್ಥೆಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಸಲ್ಲಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2025ರ ಜನವರಿಯಿಂದ ಜಾರಿಗೆ ಬಂದಿದೆ, ಹಾಗಾಗಿ ಕಳಂಕ ಅಂಟುವುದೂ ಬೇಗ. ಸುಸ್ತಿ 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು, ಅದಕ್ಕೂ ಮಣಿಯದಿದ್ದರೆ ಮನೆಯ ಸ್ವಾಧೀನ.

ಕಂತು ತಪ್ಪುವುದು ಕೆಲವೊಮ್ಮೆ ಅಸಹಾಯಕತೆಯಿಂದ ಆಗುತ್ತದೆ: ಕೆಲಸ ಹೋಗಿರುತ್ತದೆ, ಎರಡು ಮನೆಯ ಖರ್ಚು ಮೈಮೇಲೆ ಬಿದ್ದಿರುತ್ತದೆ. ಕೆಲವೊಮ್ಮೆ ಹಗೆಯಿಂದ ಆಗುತ್ತದೆ. ಕಂತು ನಿಲ್ಲಿಸಿದರೆ ತನಗೂ ನಷ್ಟ ಎಂದು ಗೊತ್ತಿದ್ದೂ, ಇನ್ನೊಬ್ಬರು ಬಾಡಿಗೆ ಮನೆಗೋ ಮಗುವಿನ ಓದಿಗೋ ಸಾಲ ಕೇಳಲು ಹೋದಾಗ ಬಾಗಿಲು ಮುಚ್ಚಿರಲಿ ಎಂದು ನಿಲ್ಲಿಸುವವರಿದ್ದಾರೆ. ಮೈಮೇಲೆ ಗಾಯ ಮಾಡದ ಈ ಹಿಂಸೆಗೆ ನಮ್ಮ ಕಾನೂನಿನಲ್ಲಿ ಹೆಸರಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಆರ್ಥಿಕ ದೌರ್ಜನ್ಯ’ವನ್ನು ದೌರ್ಜನ್ಯದ ವ್ಯಾಖ್ಯೆಯಲ್ಲೇ ಸೇರಿಸಿದೆ. ಹೆಣ್ಣಿಗೆ ಸಲ್ಲಬೇಕಾದ ಹಣಕಾಸು, ಸ್ತ್ರೀಧನ, ಜಂಟಿ ಆಸ್ತಿ, ವಾಸದ ಮನೆಯ ಬಾಡಿಗೆಯನ್ನು ತಡೆಹಿಡಿಯುವುದೂ ಅದರಲ್ಲಿ ಬರುತ್ತದೆ. ಆದರೆ ಪಟ್ಟಿಯಲ್ಲಿ ಬಾಡಿಗೆಯ ಹೆಸರಿದೆ, ಸಾಲದ ಕಂತಿನ ಹೆಸರಿಲ್ಲ. 2005ರಿಂದ ಈಚೆಗೆ ನಗರದ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಬಾಡಿಗೆಯ ಜಾಗಕ್ಕೆ ಕಂತು ಬಂದು ಕೂತಿದೆ. ಪಟ್ಟಿ ಅಷ್ಟಕ್ಕೇ ಸೀಮಿತವಲ್ಲ ಎಂದು ಕಾಯ್ದೆಯೇ ಹೇಳುವುದರಿಂದ ವಾದಕ್ಕೆ ಅವಕಾಶವಿದೆ. ಆದರೆ ನೊಂದವರು ವಾದ ಮಾಡಿ ಗೆಲ್ಲಬೇಕಾದ ಸಂಗತಿ ಇದಾಗಬಾರದು; ‘ವಾಸದ ಮನೆಯ ಸಾಲದ ಕಂತು’ ಎಂಬ ಪದವನ್ನು ಸಂಸತ್ತು ಅಲ್ಲಿ ಸೇರಿಸಬೇಕು.

ಹಳ್ಳಿಯಲ್ಲಿ ಇದರ ಇನ್ನೊಂದು ರೂಪ

ಇದು ಅಪಾರ್ಟ್‌ಮೆಂಟಿನವರ ಸಂಕಟ ಮಾತ್ರ ಎಂದುಕೊಳ್ಳಬಾರದು. ಕರ್ನಾಟಕದ ಹಳ್ಳಿಗಳಲ್ಲಿ ಮೈಕ್ರೊಫೈನಾನ್ಸ್ ಸಾಲ ಬಹುತೇಕ ಹೆಂಗಸರ ಹೆಸರಿನಲ್ಲೇ ಇದೆ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ವರ್ಷಕ್ಕೆ ₹3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಈ ಸಾಲ ಕೊಡಬಹುದು, ಮತ್ತು ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು. ಸಾಲ ಕೊಡುವಾಗ ಗಂಡನ ದುಡಿಮೆಯನ್ನೂ ಕೂಡಿಸಿ ಲೆಕ್ಕ ಹಾಕಲಾಗುತ್ತದೆ. ಹಣ ಅವನ ಆಟೊಗೋ ಬೋರ್‌ವೆಲ್‌ಗೋ ಹೋಗಿರಬಹುದು. ಅವನು ಮನೆ ಬಿಟ್ಟು ಹೋದ ಮೇಲೂ ವಾರದ ಕಂತಿಗೆ ಸಂಘದ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವಳು ಅವಳೇ. ಅವಳು ಕಟ್ಟದಿದ್ದರೆ ಜೊತೆಯ ಹೆಂಗಸರ ಮೇಲೆ ಒತ್ತಡ, ಅವರಿಂದ ಅವಳ ಮೇಲೆ ಒತ್ತಡ.

ಕಿರುಸಾಲದ ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬೆದರಿಕೆ ನಿಲ್ಲಿಸುವುದು ಅಗತ್ಯವೇ ಆಗಿತ್ತು. ಆದರೆ ಎರಡು ಆದಾಯ ನೋಡಿ ಕೊಟ್ಟ ಸಾಲವನ್ನು ಒಂದೇ ಆದಾಯದಲ್ಲಿ ತೀರಿಸು ಎನ್ನುವುದು ಎಷ್ಟು ನ್ಯಾಯ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಗಂಡ ಬಿಟ್ಟುಹೋದದ್ದನ್ನು ಗ್ರಾಮ ಪಂಚಾಯಿತಿಯೋ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೋ ದೃಢಪಡಿಸಿದರೆ ಕುಟುಂಬದ ಆದಾಯವನ್ನು ಹೊಸದಾಗಿ ಲೆಕ್ಕ ಹಾಕಿ ಕಂತು ಇಳಿಸಬೇಕು, ಅವಧಿ ಹೆಚ್ಚಿಸಬೇಕು. ಅರ್ಧದ ಮಿತಿ ಸಾಲ ಕೊಡುವ ದಿನಕ್ಕೆ ಮಾತ್ರವಲ್ಲದೆ ಸಾಲ ಇರುವಷ್ಟು ದಿನವೂ ಅನ್ವಯವಾಗಬೇಕು.

ಬ್ಯಾಂಕಿನ ಮಾತಿನಲ್ಲೂ ಹುರುಳಿದೆ

ಬ್ಯಾಂಕುಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಎರಡು ಸಂಬಳ ನಂಬಿ ಕೊಟ್ಟ ಸಾಲ ಅದು. ಬ್ಯಾಂಕಿನಲ್ಲಿರುವುದು ಠೇವಣಿದಾರರ ಹಣ. ವಿಚ್ಛೇದನವಾದೊಡನೆ ಒಬ್ಬರು ತಾನಾಗಿಯೇ ಮುಕ್ತ ಎಂದು ಕಾನೂನು ಮಾಡಿದರೆ, ಸಾಲದಿಂದ ಪಾರಾಗಲೆಂದೇ ಕಾಗದದ ಮೇಲೆ ಬೇರೆಯಾಗುವವರು ಹುಟ್ಟಿಕೊಳ್ಳುತ್ತಾರೆ. ಅದಕ್ಕೆ ಹೆದರಿ ಬ್ಯಾಂಕುಗಳು ದಂಪತಿಗೆ ಸಾಲ ಕೊಡಲು ಹಿಂಜರಿದರೆ ಮೊದಲು ಪೆಟ್ಟು ತಿನ್ನುವವರು ಮನೆಯ ಕನಸು ಕಂಡ ಸಾಮಾನ್ಯ ಜನರೇ.

ಆದ್ದರಿಂದ ಕೇಳಬೇಕಾದ್ದು ಮನ್ನಾ ಅಲ್ಲ, ಕಾಲಮಿತಿಯ ಉತ್ತರ. ಸಾಲ ಉಳಿಸಿಕೊಳ್ಳುವವರ ಸಂಬಳ ಒಂದರಿಂದಲೇ ಬಾಕಿ ತೀರುವಂತಿದ್ದರೆ ಇನ್ನೊಬ್ಬರನ್ನು ಬಿಡಬಹುದು. ಸಾಲದಿದ್ದರೆ ಅವಧಿ ಹೆಚ್ಚಿಸಬಹುದು, ತಂದೆಯನ್ನೋ ಅಣ್ಣನನ್ನೋ ಹೊಸ ಸಹ ಸಾಲಗಾರರಾಗಿ ಸೇರಿಸಿಕೊಳ್ಳಬಹುದು. ಯಾವುದೂ ಆಗದಿದ್ದರೆ ಮನೆ ಮಾರಿ ಸಾಲ ತೀರಿಸಲು ಇಬ್ಬರಿಗೂ ಸಮಯ ಕೊಡಬಹುದು. ಒಪ್ಪಂದ ಕಾಯ್ದೆಯ 44ನೇ ಕಲಂ ಇದಕ್ಕೆ ಅನುಕೂಲವಾಗಿಯೇ ಇದೆ: ಜಂಟಿ ಸಾಲಗಾರರಲ್ಲಿ ಒಬ್ಬರನ್ನು ಬಿಟ್ಟರೂ ಇನ್ನೊಬ್ಬರ ಹೊಣೆ ತಪ್ಪುವುದಿಲ್ಲ. ಬ್ಯಾಂಕು ಒಬ್ಬರಿಗೆ ಬಿಡುಗಡೆ ಕೊಟ್ಟ ಮಾತ್ರಕ್ಕೆ ಇಡೀ ಸಾಲ ಕಳೆದುಕೊಳ್ಳುವ ಭಯವಿಲ್ಲ.

ಒಬ್ಬರನ್ನು ಸಾಲದಿಂದ ಬಿಡುವಂತೆ ಕೋರುವ ಅರ್ಜಿಗೆ 30 ದಿನಗಳಲ್ಲಿ ಕಾರಣಸಹಿತ ಲಿಖಿತ ಉತ್ತರ ಕೊಡಬೇಕೆಂದು ರಿಸರ್ವ್ ಬ್ಯಾಂಕು ಹೇಳಬಹುದು. ಸಾಲ ತೀರಿದ 30 ದಿನದೊಳಗೆ ಆಸ್ತಿಪತ್ರ ಹಿಂದಿರುಗಿಸದಿದ್ದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕೆಂದು 2023ರಲ್ಲಿ ಅದೇ ರಿಸರ್ವ್ ಬ್ಯಾಂಕು ವಿಧಿಸಿತಲ್ಲ. ಸಾಲ ತೀರಿಸಿದವರಿಗೆ ಸಿಕ್ಕ ಗೌರವ, ಬೇರೆಯಾಗಿಯೂ ಸಾಲ ತೀರಿಸಲು ಸಿದ್ಧರಿರುವವರಿಗೂ ಸಲ್ಲಬೇಕು. ಜೊತೆಗೆ, ಕಂತು ತಪ್ಪಿದ ಸುದ್ದಿ ಪ್ರತಿಯೊಬ್ಬ ಸಹ ಸಾಲಗಾರರ ಸ್ವಂತ ಮೊಬೈಲಿಗೇ ಹೋಗುವಂತಿರಬೇಕು. ಹಳೆಯ ಮನೆಯ ವಿಳಾಸಕ್ಕೆ ಹೋದ ನೋಟಿಸು, ಆ ಮನೆ ಬಿಟ್ಟುಬಂದವರಿಗೆ ತಲುಪುವುದು ಹೇಗೆ?

ಆ ಆರು ತಿಂಗಳು

ನ್ಯಾಯಾಲಯಗಳ ಕೈಯಲ್ಲಿ ಈಗಾಗಲೇ ಸಾಧನಗಳಿವೆ. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆಸ್ತಿಯ ಜೊತೆಗೆ ಸಾಲಗಳನ್ನೂ ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ರಜನೀಶ್–ನೇಹಾ ಪ್ರಕರಣದಲ್ಲಿ ಹೇಳಿದೆ. ಹಿಂದೂ ವಿವಾಹ ಕಾಯ್ದೆಯಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳ ಕಾಯುವಿಕೆ ಇದೆ. ಅದನ್ನು ಮನ್ನಾ ಮಾಡಬಹುದು, ಆದರೆ ಜೀವನಾಂಶ, ಮಗುವಿನ ಪಾಲನೆ ಮತ್ತು ಬಾಕಿ ಉಳಿದ ಇತರ ವಿಷಯಗಳು ನಿಜವಾಗಿ ಇತ್ಯರ್ಥವಾಗಿರಬೇಕು ಎಂದು 2017ರ ಅಮರದೀಪ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಇಬ್ಬರ ಹೆಸರಿನಲ್ಲಿ ₹44 ಲಕ್ಷ ಬಾಕಿ ಇರುವಾಗ ‘ಇತರ ವಿಷಯ’ ಇತ್ಯರ್ಥವಾಗಿದೆ ಎನ್ನಲಾದೀತೆ? ಆ ಆರು ತಿಂಗಳನ್ನು ಸಾಲ ಬೇರ್ಪಡಿಸುವ ಅವಧಿಯಾಗಿ ಬಳಸಬೇಕು. ಆ ಅವಧಿಯ ಕೊನೆಗೆ ದಂಪತಿ ನ್ಯಾಯಾಲಯದಲ್ಲಿ ಕೊಡುವ ಎರಡನೇ ಹಂತದ ಹೇಳಿಕೆಗೆ ಮೊದಲು ಬ್ಯಾಂಕಿನ ಪತ್ರವೊಂದು ಕಡತದಲ್ಲಿ ಇರಬೇಕು.

ಬೇರೆಯಾಗುವವರಿಗೂ ಇದರಿಂದ ಅನುಕೂಲವಿದೆ. ಕರ್ನಾಟಕದಲ್ಲಿ ಗಂಡ–ಹೆಂಡತಿಯ ನಡುವಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ. ತೀರ್ಪಿನ ಮರುದಿನ ಅವರು ಕಾನೂನಿನ ಕಣ್ಣಿಗೆ ಗಂಡ–ಹೆಂಡತಿಯಲ್ಲ. ಒತ್ತೆಯಲ್ಲಿರುವ ಮನೆಯ ಪಾಲನ್ನು ಬಿಟ್ಟುಕೊಡುವುದಿದ್ದರೆ ಬ್ಯಾಂಕಿನ ಒಪ್ಪಿಗೆ ಪಡೆದು, ವಿಚ್ಛೇದನಕ್ಕೆ ಮುಂಚೆಯೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮುಗಿಸುವುದು ಲೇಸು. ಸಾಲದಿಂದ ಬಿಡುಗಡೆ ಪತ್ರ ಸಿಗುವ ಮೊದಲು ಮನೆಯ ಹಕ್ಕನ್ನು ಮಾತ್ರ ಯಾರೂ ಬಿಟ್ಟುಕೊಡಬಾರದು. ಹಕ್ಕು ಹೋಗಿ ಹೊಣೆ ಉಳಿಯುವುದು ಹಾಗೆಯೇ.

ಇದನ್ನೆಲ್ಲ ಎಲ್ಲಿ ಕೂತು ಮಾಡುವುದು ಎಂದು ಕೇಳಿದರೆ, ಜಾಗವೂ ಇದೆ. ರಾಷ್ಟ್ರೀಯ ಲೋಕ ಅದಾಲತ್ ನಡೆಯುವ ದಿನ ನಮ್ಮ ನ್ಯಾಯಾಲಯಗಳಲ್ಲಿ ಒಂದು ಪೀಠದ ಮುಂದೆ ಕೌಟುಂಬಿಕ ವ್ಯಾಜ್ಯಗಳು, ಇನ್ನೊಂದರ ಮುಂದೆ ಬ್ಯಾಂಕ್ ವಸೂಲಾತಿ ಪ್ರಕರಣಗಳು ಬರುತ್ತವೆ. ವಿಚ್ಛೇದನ ಕೊಡುವ ಅಧಿಕಾರ ಲೋಕ ಅದಾಲತ್‌ಗಿಲ್ಲ, ಆದರೆ ಹಣದ ವಿಷಯದಲ್ಲಿ ರಾಜಿ ಮಾಡಿಸುವ ಅಧಿಕಾರವಿದೆ. ಅಲ್ಲಿನ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದೇ ದಂಪತಿ, ಅದೇ ಮನೆ, ಅದೇ ಸಾಲ ಇರುವಾಗ ಎರಡು ಪೀಠ ಏಕೆ? ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮನಸ್ಸು ಮಾಡಿದರೆ ಜಂಟಿ ಸಾಲವಿರುವ ಕೌಟುಂಬಿಕ ಪ್ರಕರಣಗಳಿಗೆ ಬ್ಯಾಂಕಿನ ಅಧಿಕಾರಿಯನ್ನೂ ಕರೆದು ಒಂದೇ ಪೀಠದ ಮುಂದೆ ಕೂರಿಸಬಹುದು. ಹೊಸ ಕಾಯ್ದೆಗೆ ಕಾಯದೆ ಮುಂದಿನ ಅದಾಲತ್‌ನಲ್ಲೇ ಇದನ್ನು ಆರಂಭಿಸಬಹುದು.

ಮುರಿದ ಮದುವೆಯನ್ನು ಕಾನೂನು ಕೂಡಿಸಲಾರದು. ಇಬ್ಬರೂ ಹೊಸದಾಗಿ ಬದುಕು ಕಟ್ಟಿಕೊಳ್ಳಲಿ ಎಂಬುದೇ ವಿಚ್ಛೇದನದ ಉದ್ದೇಶ. ಪ್ರತಿ ತಿಂಗಳ ಐದನೇ ತಾರೀಕು ಇನ್ನೊಬ್ಬರು ಕಂತು ಕಟ್ಟಿದರೋ ಇಲ್ಲವೋ ಎಂದು ಎದೆಬಡಿತದಲ್ಲಿ ಮೊಬೈಲು ನೋಡುವವರು ಬೇರೆಯಾದರೂ ಬಿಡುಗಡೆಯಾದವರಲ್ಲ. ರಾಜಿಪತ್ರದ ‘ಮೊದಲನೇ ಅರ್ಜಿದಾರರೇ ಕಟ್ಟತಕ್ಕದ್ದು’ ಎಂಬ ಷರತ್ತಿನ ಕೆಳಗೆ ಈಗ ಎರಡು ಸಹಿ ಇರುತ್ತವೆ. ಬ್ಯಾಂಕಿನ ಮೂರನೆಯ ಸಹಿ ಬಿದ್ದ ದಿನ ಆ ಷರತ್ತು ನಿಜವಾಗುತ್ತದೆ.