79 ಡಾಲರಿನ ಕ್ಲಚ್ಚು

1969ರಲ್ಲಿ ಅಮೆರಿಕದ ಯಾವುದೇ ಷೆವರ್ಲೆ ಮಳಿಗೆಗೆ ಹೋಗಿ ಕಾರ್ವೆಟ್ ಕಾರು ಬೇಕೆಂದವನ ಕೈಗೆ ಮಾರಾಟಗಾರ ಒಂದು ಉದ್ದನೆಯ ಪಟ್ಟಿ ಕೊಡುತ್ತಿದ್ದ. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಬರೆಸುವ ಸಾಮಾನು ಚೀಟಿಯಷ್ಟು ಉದ್ದ. ಕಿಟಕಿಯ ಗಾಜು ಗುಂಡಿ ಒತ್ತಿದರೆ ಇಳಿಯಬೇಕೆ? 63 ಡಾಲರ್ 20 ಸೆಂಟ್. ಎ.ಎಂ.-ಎಫ್.ಎಂ. ರೇಡಿಯೊ ಬೇಕೆ? 172 ಡಾಲರ್ 75 ಸೆಂಟ್. ಹವಾನಿಯಂತ್ರಣ ಬೇಕೆ? 428 ಡಾಲರ್ 70 ಸೆಂಟ್. ಗಿರಾಕಿ ಬೇಕಾದ್ದಕ್ಕೆ ಗುರುತು ಹಾಕುತ್ತಾ ಹೋಗುತ್ತಿದ್ದ. ಕಾರು ಆ ಚೀಟಿಯ ಪ್ರಕಾರ ಸೇಂಟ್ ಲೂಯಿಸ್ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು.

ಆ ಪಟ್ಟಿಯ ನಡುವೆ ಎಲ್ಲೋ ‘ಎಂ.ಎ.6’ ಎಂಬ ಸಂಕೇತದ ಒಂದು ಸಾಲು. ಹೆವಿ ಡ್ಯೂಟಿ ಕ್ಲಚ್, ಬೆಲೆ 79 ಡಾಲರ್. ರೇಡಿಯೊದ ಅರ್ಧ ಬೆಲೆಯೂ ಇಲ್ಲ.

ಆ ವರ್ಷ ತಯಾರಾದ ಕಾರ್ವೆಟ್‌ಗಳು 38,762. ಅವುಗಳಲ್ಲಿ 8,161 ಕಾರುಗಳು ಆಟೊಮ್ಯಾಟಿಕ್ ಗೇರಿನವು. ಅವಕ್ಕೆ ಕ್ಲಚ್ ಪೆಡಲ್ಲೇ ಇಲ್ಲ. ಉಳಿದದ್ದು 30,601. ಹವಾನಿಯಂತ್ರಣ ಬೇಕೆಂದವರು 11,859 ಮಂದಿ. ಎಂ.ಎ.6 ಕ್ಲಚ್ಚಿಗೆ ಗುರುತು ಹಾಕಿದವರು ಕೇವಲ 102. ಕ್ಲಚ್ ಪೆಡಲ್ ಇದ್ದ ಕಾರುಗಳಲ್ಲಿ ಮುನ್ನೂರಕ್ಕೆ ಒಂದು!

ಇಷ್ಟು ಅಗ್ಗದ ವಸ್ತುವನ್ನು ಇಷ್ಟು ಕಡಿಮೆ ಜನ ಏಕೆ ಬಯಸಿದರು? ಉತ್ತರ ಹುಡುಕಲು ಕಾರಿನ ಮೂತಿಯ ಅಂದ ಬಿಟ್ಟು ಅದರ ಹೊಟ್ಟೆಯ ಕೆಳಗೆ ಇಣುಕಬೇಕು.

ಅದು ‘ಮಸಲ್ ಕಾರು’ಗಳ ಕಾಲ. ಅಂದರೆ ಕಟ್ಟುಮಸ್ತಿನ ಕಾರುಗಳು. ಸಾಧಾರಣ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ತುರುಕಿ, ಯುವಕರ ಕೈಗೆಟುಕುವ ಬೆಲೆಗೆ ಮಾರುವ ಚಾಳಿ 1964ರಲ್ಲಿ ಪಾಂಟಿಯಾಕ್ ಕಂಪೆನಿಯ ಜಿ.ಟಿ.ಒ. ಜತೆ ಜೋರಾಯಿತು. ಮರುವರ್ಷಗಳಲ್ಲಿ ಫೋರ್ಡ್, ಕ್ರೈಸ್ಲರ್, ಷೆವರ್ಲೆ ಎಲ್ಲವೂ ಪೈಪೋಟಿಗೆ ಇಳಿದವು. 1966ರಲ್ಲಿ ಕ್ರೈಸ್ಲರ್ ರಸ್ತೆಗಿಳಿಸಿದ 426 ಘನ ಅಂಗುಲದ ‘ಹೆಮಿ’ ಎಂಜಿನ್ನಿಗೆ 425 ಅಶ್ವಶಕ್ತಿ. ಕಾರ್ವೆಟ್ ಎರಡೇ ಸೀಟಿನ ಕ್ರೀಡಾ ಕಾರು. ಅದನ್ನು ಈ ಗುಂಪಿಗೆ ಸೇರಿಸಬೇಕೋ ಬೇಡವೋ ಎಂದು ಅಭಿಮಾನಿಗಳು ಜಗಳ ಆಡುವುದುಂಟು. ಆದರೆ 1969ರ ಕಾರ್ವೆಟ್‌ನ ‘ಎಲ್-71’ ಎಂಜಿನ್ ಕೂಡ ಅದೇ ಜಾತಿಯದು. 427 ಘನ ಅಂಗುಲ, ಅಂದರೆ ಸುಮಾರು ಏಳು ಲೀಟರ್, 435 ಅಶ್ವಶಕ್ತಿ. ಎಂಜಿನ್ನಿನ ಈ ಅಂಕಿಗಳನ್ನೆಲ್ಲ ಅಂದಿನ ಹುಡುಗರು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಆ ಬಲ ಚಕ್ರ ಮುಟ್ಟಬೇಕಾದರೆ ದಾರಿಯಲ್ಲಿ ಒಂದು ಕ್ಲಚ್ ಇದೆ ಎಂಬುದು ಎಷ್ಟೋ ಜನರಿಗೆ ನೆನಪಾಗುತ್ತಿದ್ದುದು ಅದು ಜಾರಿ ಸುಟ್ಟ ವಾಸನೆ ಬಂದಾಗಲೇ.

ಎಂಜಿನ್ ತಿರುಗುತ್ತಲೇ ಇರಬೇಕು, ಕಾರು ಆಗಾಗ ನಿಲ್ಲಬೇಕು. ಈ ಎರಡನ್ನೂ ಹೊಂದಿಸುವುದು ಕ್ಲಚ್ಚಿನ ಕೆಲಸ. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ. ಅದಕ್ಕೆ ಎದುರಾಗಿ ಸ್ಪ್ರಿಂಗಿನ ಬಲದಿಂದ ಒತ್ತುವ ಪ್ರೆಷರ್ ಪ್ಲೇಟ್. ಎರಡರ ನಡುವೆ, ಅಂಗೈಗಳ ನಡುವೆ ಹಿಡಿದ ರೊಟ್ಟಿಯಂತೆ, ಒರಟು ಮೈಯ ಕ್ಲಚ್ ತಟ್ಟೆ. ಗೇರುಪೆಟ್ಟಿಗೆಗೆ ಹೋಗುವ ದಂಡ ಈ ತಟ್ಟೆಗೆ ಜೋಡಿಸಿರುತ್ತದೆ. ಪೆಡಲ್ ಒತ್ತಿದರೆ ಅಂಗೈಗಳು ದೂರ ಸರಿಯುತ್ತವೆ, ತಟ್ಟೆ ಸ್ವತಂತ್ರ. ಬಿಟ್ಟರೆ ಮತ್ತೆ ಹಿಡಿತ. ಹಲ್ಲು, ಕೊಂಡಿ, ಬೋಲ್ಟು ಏನೂ ಇಲ್ಲ. ನೂರಾರು ಅಶ್ವಶಕ್ತಿ ದಾಟುವುದು ಬರೀ ಘರ್ಷಣೆಯ ಮೇಲೆ.

ಎಷ್ಟು ಒತ್ತಿ ಹಿಡಿಯಬೇಕು? ಪಿಯುಸಿ ವಿದ್ಯಾರ್ಥಿ ಹಾಳೆಯೊಂದನ್ನು ತೆಗೆದು ಲೆಕ್ಕ ಹಾಕಬಹುದು. ಎಲ್-71 ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಚುವ ಬಲ, 460 ಪೌಂಡ್-ಅಡಿ. ಇಂದಿನ ಅಳತೆಯಲ್ಲಿ ಸುಮಾರು 624 ನ್ಯೂಟನ್-ಮೀಟರ್. ಘರ್ಷಣಾಂಕ 0.3 ಎಂದಿಟ್ಟುಕೊಳ್ಳಿ. ತಟ್ಟೆಯ ಸರಾಸರಿ ತ್ರಿಜ್ಯ 11 ಸೆಂಟಿಮೀಟರ್. ತಟ್ಟೆಗೆ ಎರಡು ಮುಖ, ಎರಡೂ ಕಡೆ ಘರ್ಷಣೆ. ಘರ್ಷಣಾಂಕ, ತ್ರಿಜ್ಯ, ಮುಖಗಳ ಸಂಖ್ಯೆ ಮೂರನ್ನೂ ಗುಣಿಸಿ, ಟಾರ್ಕನ್ನು ಅದರಿಂದ ಭಾಗಿಸಿದರೆ ಬರುವುದು ಸುಮಾರು 9,450 ನ್ಯೂಟನ್. ಅಂದರೆ 960 ಕಿಲೋ ಭಾರ ಹೇರಿದಷ್ಟು ಒತ್ತಡ! ಇದು ಜಾರದಿರಲು ಬೇಕಾದ ಕನಿಷ್ಠ. ಸವೆತ, ಬಿಸಿ, ಚಾಲಕನ ದುಡುಕುತನ ಎಲ್ಲಕ್ಕೂ ಸ್ವಲ್ಪ ಹೆಚ್ಚಿಗೆ ಸೇರಿಸಿದರೆ 1,200 ಕಿಲೋ ದಾಟುತ್ತದೆ. ಈ ಸ್ಪ್ರಿಂಗನ್ನು ಸಿಗ್ನಲ್ ಬಂದಾಗಲೆಲ್ಲ ಹಿಂದಕ್ಕೆ ತಳ್ಳಬೇಕಾದ್ದು ಚಾಲಕನ ಎಡಗಾಲು. ನಡುವೆ ಸನ್ನೆಕೋಲುಗಳ ಸಹಾಯ ಇದೆ, ನಿಜ. ಆದರೂ ಸಂಜೆಯ ವಾಹನ ದಟ್ಟಣೆಯಲ್ಲಿ ಅರ್ಧ ಗಂಟೆ ಕಳೆದರೆ ಮೊಣಕಾಲು ನಡುಗುವಂಥ ಕೆಲಸ.

ಇದಕ್ಕೆ ಒಂದೊಂದು ಕಂಪೆನಿ ಒಂದೊಂದು ಉಪಾಯ ಮಾಡಿತು. ಫೋರ್ಡ್ ಕಾರುಗಳಲ್ಲಿ ಬಳಕೆಯಲ್ಲಿದ್ದ ‘ಲಾಂಗ್’ ಮಾದರಿಯ ಕ್ಲಚ್ಚಿನಲ್ಲಿ ಸನ್ನೆಗಳ ತುದಿಗೆ ತೂಕದ ಗುಂಡುಗಳಿದ್ದವು. ಎಂಜಿನ್ ವೇಗ ಏರಿದಂತೆ ಆ ಗುಂಡುಗಳು ಹೊರಕ್ಕೆ ಸಿಡಿಯಲು ಹವಣಿಸಿ ಒತ್ತಡ ಹೆಚ್ಚಿಸುತ್ತಿದ್ದವು. ನಿಧಾನ ಓಡಿಸುವಾಗ ಪೆಡಲ್ ಹಗುರ, ವೇಗದಲ್ಲಿ ಹಿಡಿತ ಭದ್ರ. ಆದರೆ ವೇಗದಲ್ಲಿ ಗೇರು ಬದಲಿಸಲು ಹೋದರೆ ಪೆಡಲ್ಲೂ ಕಲ್ಲಾಗುತ್ತಿತ್ತು! ಕ್ರೈಸ್ಲರ್‌ನವರು ಪೆಡಲ್ಲಿಗೇ ಒಂದು ದಪ್ಪ ಸ್ಪ್ರಿಂಗ್ ಕಟ್ಟಿ, ಅರ್ಧ ಒತ್ತಿದ ಮೇಲೆ ಅದೇ ಕಾಲಿಗೆ ನೆರವಾಗುವಂತೆ ಮಾಡಿದರು. ಷೆವರ್ಲೆಯದು ಡಯಾಫ್ರಮ್ ಸ್ಪ್ರಿಂಗು. ಬೋಗುಣಿ ಆಕಾರದ ಉಕ್ಕಿನ ತಟ್ಟೆ, ಒಳ ಅಂಚನ್ನು ಬೆರಳುಗಳಂತೆ ಸೀಳಿದ್ದು. ಕಾಲಿಗೆ ಹಿತ. ಆದರೆ ಅದರದೊಂದು ಭಯಾನಕ ಗುಣವೂ ಇತ್ತು. ಎಂಜಿನ್ ಬಿರುಸಾಗಿ ತಿರುಗುತ್ತಿದ್ದಾಗ ಪೆಡಲ್ ಪೂರ್ತಿ ಒತ್ತಿದರೆ, ಚಪ್ಪಟೆ ಬೆರಳುಗಳು ಕೇಂದ್ರಾಪಗಾಮಿ ಬಲಕ್ಕೆ ಸಿಕ್ಕಿ ಅಲ್ಲೇ ನಿಂತುಬಿಡುತ್ತಿದ್ದವು. ಪೆಡಲ್ ನೆಲಕ್ಕೆ ಅಂಟಿದಂತೆ! ಕಾಲು ತೆಗೆದರೂ ಮೇಲೆ ಬರುತ್ತಿರಲಿಲ್ಲ. ಪರಿಹಾರವಾಗಿ ಬೆರಳುಗಳನ್ನೇ ಹೊರಕ್ಕೆ ಬಾಗಿಸಿದರು. ಆಗ ಅದೇ ಕೇಂದ್ರಾಪಗಾಮಿ ಬಲ ಅವನ್ನು ವಾಪಸು ಎಳೆಯಿತು. ಮಾಡಿದ್ದು ಒಂದು ಬಾಗು ಅಷ್ಟೆ. ಎಂಜಿನಿಯರಿಂಗ್ ಓದುವ ಹುಡುಗರು ಇಂಥದನ್ನು ಹೊಸ ಯಂತ್ರಗಳಿಗಿಂತ ಹೆಚ್ಚು ಆಸ್ಥೆಯಿಂದ ನೋಡಬೇಕು.

ಎಂ.ಎ.6ರ ಉಪಾಯ ಬೇರೆಯದೇ. ಅದರಲ್ಲಿ ಕ್ಲಚ್ ತಟ್ಟೆ ಒಂದಲ್ಲ, ಎರಡು.

ಇಲ್ಲಿ ಜಾಣ ವಿದ್ಯಾರ್ಥಿ ತಡೆದು ಕೇಳಿಯಾನು: ಘರ್ಷಣೆ ಸಂಪರ್ಕದ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲ ಎಂದು ಪಾಠದಲ್ಲಿದೆಯಲ್ಲ, ಇನ್ನೊಂದು ತಟ್ಟೆ ಸೇರಿಸಿದರೆ ಏನು ಬಂತು? ಪ್ರಶ್ನೆ ಸರಿಯಾಗಿಯೇ ಇದೆ. ತಟ್ಟೆಯನ್ನು ಅಗಲವಾಗಿ ಹರಡಿದರೆ ಅದೇ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಲಾಭವಿಲ್ಲ. ಆದರೆ ಒಂದರ ಹಿಂದೊಂದು ಜೋಡಿಸಿದರೆ ಒತ್ತಡ ಹಂಚಿಹೋಗುವುದಿಲ್ಲ. ಪ್ರತಿ ಮುಖಕ್ಕೂ ಪೂರ್ತಿ ಒತ್ತಡವೇ ಸಿಗುತ್ತದೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಮೇಜಿನ ಮೇಲೆ ಮೂರು ದಪ್ಪ ಪುಸ್ತಕ ಒಂದರ ಮೇಲೊಂದು ಇಟ್ಟು, ಮೇಲೊಂದು ಇಟ್ಟಿಗೆ ಹೇರಿ. ಕೆಳಗಿನ ಎರಡು ಪುಸ್ತಕಗಳ ನಡುವೆ ಗಟ್ಟಿ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಎಳೆಯಿರಿ. ಎಷ್ಟು ಬಲ ಬೇಕೆಂದು ಕೈಗೆ ತಿಳಿಯುತ್ತದೆ. ಈಗ ಮೇಲಿನ ಎರಡರ ನಡುವೆ ಇನ್ನೊಂದು ಪಟ್ಟಿ ಇಟ್ಟು ಎರಡನ್ನೂ ಒಟ್ಟಿಗೆ ಎಳೆಯಿರಿ. ಇಟ್ಟಿಗೆ ಅದೇ, ಬೇಕಾದ ಬಲ ಹತ್ತಿರಹತ್ತಿರ ಎರಡರಷ್ಟು! ಒಂದೇ ಷರತ್ತು: ಪುಸ್ತಕಗಳು ಪಟ್ಟಿಯ ಜತೆ ಜಾರಿಬರದಂತೆ ಅಪ್ಪನೋ ಅಮ್ಮನೋ ಪಕ್ಕದಿಂದ ತಡೆದು ಹಿಡಿದಿರಬೇಕು, ಮೇಲಿನಿಂದ ಒತ್ತಬಾರದು. ಕ್ಲಚ್ಚಿನಲ್ಲೂ ಹಾಗೆಯೇ. ಎರಡು ತಟ್ಟೆಗಳ ನಡುವೆ ಒಂದು ಉಕ್ಕಿನ ಬಿಲ್ಲೆ ಇರುತ್ತದೆ. ಅದು ಹಿಂದೆ ಮುಂದೆ ಸರಿಯಬಲ್ಲದು, ಆದರೆ ತಿರುಗುವುದು ಮಾತ್ರ ಫ್ಲೈವೀಲಿನ ಜತೆಗೇ. ನಡುವಿನ ಪುಸ್ತಕ ಹಿಡಿದ ಅಪ್ಪನ ಕೈ ಇದ್ದಂತೆ.

ಹೀಗೆ ಎರಡು ಮುಖ ಇದ್ದಲ್ಲಿ ನಾಲ್ಕಾಯಿತು. 960 ಕಿಲೋ ಬೇಕಾದಲ್ಲಿ 480 ಸಾಕು. ಮನೆ ಮುಂದೆ ನಿಲ್ಲಿಸಿದ ಗೇರಿನ ಬೈಕಿನಲ್ಲೂ ಇದೇ ಸೂತ್ರ. ಅದರ ಕ್ಲಚ್ಚಿನೊಳಗೆ ಅಂಗೈಯಗಲದ ಹಲವಾರು ಬಿಲ್ಲೆಗಳು ಸಾಲಾಗಿ ಕೂತಿರುವುದರಿಂದಲೇ ಎರಡು ಬೆರಳಲ್ಲಿ ಹಿಡಿ ಎಳೆಯಲು ಸಾಧ್ಯ.

ಪ್ರಕೃತಿ ಮಾತ್ರ ಯಾರಿಗೂ ಸಾಲ ಮನ್ನಾ ಮಾಡುವುದಿಲ್ಲ. ನಾಲ್ಕು ಮುಖಗಳೂ ಪೂರ್ತಿ ಬಿಡಿಸಿಕೊಳ್ಳಬೇಕಾದರೆ ಪ್ರೆಷರ್ ಪ್ಲೇಟ್ ಹೆಚ್ಚು ದೂರ ಸರಿಯಬೇಕು. ಬಲದಲ್ಲಿ ಉಳಿಸಿದ್ದರ ಒಂದು ಪಾಲು ದೂರದಲ್ಲಿ ಹೋಯಿತು. ನಡುವಿನ ಬಿಲ್ಲೆ ಸರಿಯಾಗಿ ಸರಿಯದಿದ್ದರೆ ಒಂದು ತಟ್ಟೆ ಬಿಟ್ಟು ಇನ್ನೊಂದು ಅಂಟಿಕೊಂಡೇ ಇರುತ್ತದೆ, ಗೇರು ಕರಕರ ಎನ್ನುತ್ತದೆ. ಪೆಡಲ್ ಒತ್ತಿದಾಗ ಸಡಿಲ ಬಿಲ್ಲೆಯ ಗಲಗಲ ಸದ್ದು ಬೇರೆ. ಬಿಡಿ ಭಾಗಗಳು ಹೆಚ್ಚು, ಹೊಂದಿಸುವ ಕೆಲಸವೂ ಹೆಚ್ಚು.

ಹಾಗಿದ್ದರೆ ನಿಜವಾದ ಲಾಭ ಎಲ್ಲಿ? ವ್ಯಾಸದಲ್ಲಿ. ಹಿಡಿತಕ್ಕಾಗಿ ತಟ್ಟೆಯನ್ನು ದೊಡ್ಡದು ಮಾಡಬೇಕಿಲ್ಲ, ಫ್ಲೈವೀಲನ್ನೂ ಹಿಗ್ಗಿಸಬೇಕಿಲ್ಲ. ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಲೋಹದ ಚಕ್ರ ತನ್ನನ್ನು ತಾನೇ ಹರಿದುಕೊಳ್ಳಲು ನೋಡುತ್ತಿರುತ್ತದೆ. ಆ ಸೆಳೆತ ತ್ರಿಜ್ಯದ ವರ್ಗಕ್ಕೆ ಅನುಗುಣ. ವ್ಯಾಸವನ್ನು ಹತ್ತರಲ್ಲೊಂದು ಪಾಲು ಕಡಿಮೆ ಮಾಡಿದರೆ ಸೆಳೆತ ಸುಮಾರು ಐದರಲ್ಲೊಂದು ಪಾಲು ತಗ್ಗುತ್ತದೆ. ಇದು ಬರೀ ಲೆಕ್ಕದ ಮಾತಲ್ಲ. ಎರಕದ ಕಬ್ಬಿಣದ ಫ್ಲೈವೀಲ್ ಹೊತ್ತ ಕಾರನ್ನು ಡ್ರ್ಯಾಗ್ ರೇಸಿಗೆ ಒಯ್ದಾಗ ಚಕ್ರ ಸಿಡಿದು, ಚೂರುಗಳು ಕಾರಿನ ತಳವನ್ನು ಸೀಳಿ ಮೇಲೆ ಬಂದ ಪ್ರಸಂಗಗಳುಂಟು. ಆ ಚೂರುಗಳ ದಾರಿಯಲ್ಲೇ ಚಾಲಕನ ಪಾದ. ವೇಗದ ಕಾರುಗಳಿಗೆ ಕ್ಲಚ್ಚಿನ ಸುತ್ತ ದಪ್ಪ ಉಕ್ಕಿನ ಕವಚ ಇರಲೇಬೇಕೆಂದು ಡ್ರ್ಯಾಗ್ ರೇಸಿನ ನಿಯಮಗಳಲ್ಲಿ ಬರೆದದ್ದು ಇದಕ್ಕಾಗಿ.

ಈಗ ಆ 102ರ ವಿಷಯ. ಕಾರ್ವೆಟ್ ಕೊಂಡವರಲ್ಲಿ ಹೆಚ್ಚಿನವರು ರೇಸಿಗೆ ಹೋಗುವವರಲ್ಲ. ಎಲ್-71 ಎಂಜಿನ್ ಕೊಂಡವರೇ 2,722 ಮಂದಿ. ಅವರಲ್ಲೂ ಬಹುಪಾಲು ಜನರಿಗೆ ಮಾಮೂಲಿ ಕ್ಲಚ್ ಸಾಕಾಯಿತು. ರೇಡಿಯೊ ಹಾಡುತ್ತದೆ, ಗೆಳೆಯರಿಗೆ ಕೇಳಿಸುತ್ತದೆ. ಕ್ಲಚ್ ಯಾರಿಗೂ ಕಾಣುವುದಿಲ್ಲ. ಅದೇ ವರ್ಷದ ‘ಎಂ-22’ ಎಂಬ ಭಾರಿ ಗೇರುಪೆಟ್ಟಿಗೆಗೂ ಇದೇ ಪಾಡು: ಬೇಕೆಂದವರು 101. ರೇಸಿಗೆಂದೇ ಮಾಡಿದ ‘ಎಲ್-88’ ಎಂಜಿನ್ 116 ಕಾರುಗಳಿಗೆ ಮಾತ್ರ. ಅದರ ನಿಜವಾದ ಶಕ್ತಿ 500 ದಾಟಿದ್ದರೂ ಕಂಪೆನಿ ಕಾಗದದಲ್ಲಿ 430 ಎಂದೇ ಬರೆಯಿತು. ಎಲ್-71ಕ್ಕಿಂತ ಐದು ಕಡಿಮೆ. ಅಂಕಿ ನೋಡಿ ಕೊಳ್ಳುವ ಶೋಕಿಯವರು ಇತ್ತ ಬಾರದಿರಲಿ ಎಂಬ ಲೆಕ್ಕಾಚಾರ.

ಆ ಕಾಲ ಬಹಳ ದಿನ ಉಳಿಯಲಿಲ್ಲ. ಮಕ್ಕಳ ಕಾರಿಗೆ ವಿಮಾ ಕಂಪೆನಿಗಳು ಕೇಳಿದ ಕಂತು ಕಂಡು ತಂದೆತಾಯಿ ಬೆಚ್ಚಿದರು. 1970ರ ಶುದ್ಧ ಗಾಳಿ ಕಾಯ್ದೆ ಬಂತು. 1971ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಎಂಜಿನ್ನುಗಳ ಕಂಪ್ರೆಷನ್ ಇಳಿಸಿತು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದಾಗ ಉಳಿದ ಉತ್ಸಾಹವೂ ಆರಿತು.

ಆಮೇಲೆ ಅಪರೂಪಕ್ಕೆ ಬೆಲೆ ಬಂತು. 1967ರ ಎಲ್-88 ಕಾರ್ವೆಟ್ ಒಂದು 2014ರ ಜನವರಿಯಲ್ಲಿ ಸ್ಕಾಟ್ಸ್‌ಡೇಲ್‌ನ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು. ಅದರೊಂದಿಗೆ ‘ನಮ್ಮ ಕಾರಿನಲ್ಲೂ ಆ ಅಪರೂಪದ ಭಾಗ ಇದೆ’ ಎನ್ನುವವರೂ ಹೆಚ್ಚಿದರು. ಎಂಜಿನ್ ಆದರೆ ಮೇಲೆ ಕೆತ್ತಿದ ಸಂಖ್ಯೆ ಸಾಕ್ಷಿ ಹೇಳೀತು. ಕ್ಲಚ್ಚು ಸವೆಯುವ ವಸ್ತು, ಸವೆದಾಗ ಬಿಚ್ಚಿ ಗುಜರಿಗೆ ಹಾಕುವಂಥದು. ಆದ್ದರಿಂದ ಲೋಹಕ್ಕಿಂತ ಕಾಗದವೇ ದೊಡ್ಡ ಸಾಕ್ಷಿಯಾಯಿತು. ಪಾಂಟಿಯಾಕ್, ಫೋರ್ಡ್ ಕಾರುಗಳ ಹಳೆಯ ತಯಾರಿಕಾ ದಾಖಲೆಗಳನ್ನು ಈಗಲೂ ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ಅಮೆರಿಕದಲ್ಲೇ ಮಾರಾಟವಾದ ಷೆವರ್ಲೆಗಳಿಗೆ ಆ ಅನುಕೂಲ ಇಲ್ಲ. ಕಾರ್ವೆಟ್ಟಿನ ಅದೃಷ್ಟವೆಂದರೆ, ಸೇಂಟ್ ಲೂಯಿಸ್‌ನ ಕೆಲಸಗಾರರು ಆರ್ಡರಿನ ಪ್ರತಿಯೊಂದನ್ನು ಪೆಟ್ರೋಲ್ ಟ್ಯಾಂಕಿನ ನೆತ್ತಿಗೆ ಅಂಟಿಸಿಬಿಡುತ್ತಿದ್ದರು. ಟ್ಯಾಂಕ್ ಇಳಿಸಿದರೆ, ಇಲಿ ತೇವ ಏನೂ ತಿನ್ನದೆ ಉಳಿದಿದ್ದರೆ, ಆ ಚೀಟಿಯಲ್ಲಿ ಸಂಕೇತಗಳ ಸಾಲು ಓದಬಹುದು. ಹಳೆಯದರಂತೆ ಕಾಣುವ ಚೀಟಿ ಅಚ್ಚು ಹಾಕಿ ಅಂಟಿಸುವ ಖದೀಮರೂ ಇರುವುದರಿಂದ ತಜ್ಞರು ಭೂತಗನ್ನಡಿ ಹಿಡಿದು ಅಕ್ಷರದ ಮಾಟ, ಗೋಂದಿನ ಕಲೆ ಎಲ್ಲ ನೋಡುತ್ತಾರೆ. ಒಳ್ಳೆಯದೆಂದು ಅಪರೂಪವಾದದ್ದಲ್ಲ ಇದು; ಅಂದು ಯಾರಿಗೂ ಬೇಡವಾಗಿದ್ದರಿಂದ ಅಪರೂಪವಾದದ್ದು. ಹರಾಜಿನ ಮಂದಿ ಈ ವ್ಯತ್ಯಾಸವನ್ನು ಸಲೀಸಾಗಿ ಮರೆಯುತ್ತಾರೆ.

ಎರಡು ತಟ್ಟೆಯ ಕ್ಲಚ್ ಮಾತ್ರ ಸಾಯಲಿಲ್ಲ. 2018ರ ಫೋರ್ಡ್ ಮಸ್ಟಾಂಗ್ ಜಿ.ಟಿ.ಯಲ್ಲಿ ಕೈಗೇರು ಬೇಕೆಂದವರಿಗೆಲ್ಲ ಅದು ಕಾರಿನ ಜತೆಗೇ ಬಂತು. ಪಟ್ಟಿ ಹುಡುಕಿ ಗುರುತು ಹಾಕುವ ಕೆಲಸ ಇರಲಿಲ್ಲ. ಕಾರ್ವೆಟ್ ಬೇರೆ ದಾರಿ ಹಿಡಿಯಿತು. 2020ರ ಮಾದರಿಯಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದಕ್ಕೆ ಹೋಯಿತು, ಕ್ಲಚ್ ಪೆಡಲ್ ಮಾಯವಾಯಿತು. ಬೆಸ ಸಂಖ್ಯೆಯ ಗೇರುಗಳಿಗೊಂದು, ಸರಿ ಸಂಖ್ಯೆಯ ಗೇರುಗಳಿಗೊಂದು ಎಂದು ಅದರಲ್ಲಿ ಎರಡು ಕ್ಲಚ್ಚುಗಳಿವೆ. ಎರಡನ್ನೂ ಹಿಡಿದು ಬಿಡುವುದು ಕಂಪ್ಯೂಟರು. ಚಾಲಕನ ಎಡಗಾಲಿಗೆ ಕೆಲಸವಿಲ್ಲ.